ಕೈರೋದಲ್ಲಿ ಗಂಡಿನ ಕಡೆಯವರು

ಕೈರೋ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ ತಲೆ ಎತ್ತಿದಾಗ, ಗಾಜಿನ ಈಚೆಯಿಂದ ಪಾರ್ವತಕ್ಕ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. “ಮದ್ವೆ ಆಗಿದ್ಯೇನಪ್ಪಾ?”

ಆತ ಹುಬ್ಬು ಗಂಟಿಕ್ಕಿ ಪಕ್ಕದಲ್ಲಿದ್ದ ನನ್ನನ್ನು ನೋಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಲೇಬೇಕಾಯಿತು. ಆತ ಉಂಗುರದ ಬೆರಳು ತೋರಿಸಿದ. ಆಮೇಲೆ ಕೈಯನ್ನು ಮೇಜಿನ ಮಟ್ಟದಿಂದ ಮೇಲಕ್ಕೆ ಮೂರು ಕಡೆ ನಿಲ್ಲಿಸಿ ಮೂವರು ಮಕ್ಕಳ ಎತ್ತರವನ್ನೂ ತೋರಿಸಿ, ನಗುತ್ತಾ ಮುದ್ರೆ ಒತ್ತಿದ. “ಇವನ ಕೆಲಸ ಮುಗೀತು, ನಡಿ” ಎಂದು ಪಾರ್ವತಕ್ಕ ಮುಂದೆ ಹೋದರು.

ಪಾರ್ವತಕ್ಕ ಭದ್ರಾವತಿಯ ಹೊಸಮನೆಯವರು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಎರಡು ಮನೆ ಆಚೆಗೂ ಕೇಳಿಸುವ ದನಿ. ಸಂಬಂಧ ಕುದುರಿಸುವುದು ಅವರ ಕೆಲಸವೂ ಹೌದು, ಕಾಯಿಲೆಯೂ ಹೌದು. ಜಾತಿ ನೋಡುವುದಿಲ್ಲ ಎಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಊರಿನಲ್ಲಿ ನೋಡುತ್ತಲೇ ಇದ್ದರು. ಆದರೆ ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು, ಉರ್ದು ಮನೆಗಳ ನಡುವೆ ಬೆಳೆದವರಾದ್ದರಿಂದ ಯಾರ ಮನೆಯಲ್ಲಿ ಹೆಣ್ಣು ಕೇಳುವಾಗ ಯಾರು ಮೊದಲು ಬಾಯಿ ತೆರೆಯಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕ.

ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ, ವಿದ್ಯಾನಗರದಲ್ಲಿ ಒಬ್ಬಳೇ ಇದ್ದೇನೆ. ಈಜಿಪ್ಟ್ ಪ್ರವಾಸಕ್ಕೆ ಹೆಸರು ಕೊಟ್ಟವರಲ್ಲಿ ಒಂಟಿ ಹೆಂಗಸರು ನಾವಿಬ್ಬರೇ. ಟೂರಿನವನು ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದ. ವಿಮಾನ ಅರಬ್ಬೀ ಸಮುದ್ರ ದಾಟುವಷ್ಟರಲ್ಲಿ ಪಾರ್ವತಕ್ಕ ನನಗೆ ಮೂರು ಗಂಡು ಸೂಚಿಸಿ ಮುಗಿಸಿದ್ದರು. ಮೂರನೆಯವನು ರಾಗಿಗುಡ್ಡದ ವಿಧುರ. “ಕೂದ್ಲು ಸ್ವಲ್ಪ ಹೋಗಿದೆ. ಬುದ್ಧಿ ಹೋಗಿಲ್ಲ ಮಾರಾಯ್ತಿ” ಎಂದು ಶಿಫಾರಸು ಮಾಡಿದರು. ನಾನು ಕಿಟಕಿಯ ಕಡೆ ತಿರುಗಿ ಮೋಡ ನೋಡಿದೆ.

ಕೈರೋ ಮೊದಲ ದಿನವೇ ಅವರಿಗೆ ಒಗ್ಗಿಬಿಟ್ಟಿತು. ಆ ನಗರದಲ್ಲಿ ರಸ್ತೆ ದಾಟುವುದು ಒಂದು ಒಪ್ಪಂದ: ದಾಟುವವರು ಓಡಬಾರದು, ವಾಹನದವರು ನಿಲ್ಲಬಾರದು. ಹಾರ್ನುಗಳು ಎಲ್ಲ ಕಡೆಯಿಂದ ಒಟ್ಟಿಗೆ ಕೂಗುತ್ತವೆ, ಸಿಟ್ಟಿನಿಂದಲ್ಲ, ಸುಮ್ಮನೆ ಇದ್ದೇನೆಂದು ತಿಳಿಸಲು. ನಮ್ಮ ಗುಂಪು ಪಾದಚಾರಿ ದಾರಿಯ ಅಂಚಿನಲ್ಲಿ, ಹೊಳೆಗೆ ಇಳಿಯಲು ಹೆದರಿದ ಕುರಿಗಳ ಹಾಗೆ ನಿಂತಿತ್ತು. ಪಾರ್ವತಕ್ಕ ಸಿಟಿ ಬಸ್ಸಿಗೆ ಅಡ್ಡ ಹಿಡಿಯುವಂತೆ ಅಂಗೈ ಎತ್ತಿ ಇಳಿದೇಬಿಟ್ಟರು. “ಭದ್ರಾವತಿ ಬಿ.ಎಚ್. ರೋಡ್ ದಾಟಿದೋಳು ನಾನು, ಬನ್ನಿ ಹಿಂದೆ.” ನಡುರಸ್ತೆಯಲ್ಲಿ ಒಂದು ಟ್ಯಾಕ್ಸಿ ಅವರ ಸೆರಗಿನ ಹತ್ತಿರ ಗಕ್ಕನೆ ನಿಂತಿತು. ಚಾಲಕ ಎಳೆಯ ಹುಡುಗ. ಪಾರ್ವತಕ್ಕ ಬಗ್ಗಿ ಒಳಗೆ ನೋಡಿದರು. ಅವರು ಬಾಯಿ ತೆರೆಯುವ ಮುಂಚೆ ನಾನು ತೋಳು ಹಿಡಿದು ಎಳೆದುಕೊಂಡು ಹೋದೆ.

ನಮ್ಮ ಹೋಟೆಲು ನಗರದ ನಡುಭಾಗದ ಹಳೆಯ ಕಟ್ಟಡವೊಂದರ ಆರನೆಯ ಮಹಡಿಯಲ್ಲಿತ್ತು. ಮರದ ಬಾಗಿಲು, ಕಬ್ಬಿಣದ ಜಾಲರಿಯ ಲಿಫ್ಟು; ಮೂವರು ಹತ್ತಿದರೆ ನರಳುತ್ತಿತ್ತು. ಬಾಲ್ಕನಿಯಲ್ಲಿ ನಿಂತರೆ ಎದುರು ಮನೆಗಳ ಹೆಂಗಸರು ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗಿಳಿಸುವುದು ಕಾಣುತ್ತಿತ್ತು. ಅಂಗಡಿಯವನು ಅದರಲ್ಲಿ ರೊಟ್ಟಿ, ಈರುಳ್ಳಿ ಹಾಕುತ್ತಿದ್ದ. ಬುಟ್ಟಿ ಮೇಲೇರುತ್ತಿದ್ದ ಹಾಗೆ ಮೇಲಿಂದ ಕೆಳಕ್ಕೆ ಜಗಳವೂ ನಡೆಯುತ್ತಿತ್ತು. ಪಾರ್ವತಕ್ಕ ಇದನ್ನು ಒಂದು ಬೆಳಿಗ್ಗೆ ಪೂರ್ತಿ ನೋಡಿದರು. “ಮನೆ ಬಿಡದೇ ಬಜಾರೂ ಆಯ್ತು, ಜಗಳಾನೂ ಆಯ್ತು. ಎಷ್ಟು ಚೆನ್ನಾಗಿದೆ” ಎಂದರು. ಅನ್ನ, ಕಡಲೆ, ಶಾವಿಗೆ, ಹುರಿದ ಈರುಳ್ಳಿ ಎಲ್ಲ ಒಂದೇ ಬಟ್ಟಲಿಗೆ ಸುರಿದು ಕೊಡುವ ಕೊಶರಿ ಎಂಬ ತಿಂಡಿಯನ್ನು ತಿಂದು, “ಅಡುಗೆಯವನಿಗೆ ಗಡಿಬಿಡಿ ಇತ್ತು ಅನ್ಸುತ್ತೆ, ಆದ್ರೆ ಕೈರುಚಿ ಇದೆ” ಎಂದು ಇನ್ನೊಂದು ಬಟ್ಟಲು ತರಿಸಿಕೊಂಡರು. ಸಂಜೆ ನೈಲ್ ಸೇತುವೆಯ ಮೇಲೆ ಬಾಡಿಗೆ ಕುರ್ಚಿಯಲ್ಲಿ ಕೂತು, ನದಿಗೆ ಬೆನ್ನು ಹಾಕಿ, ಹೋಗಿಬರುವ ಜೋಡಿಗಳನ್ನು ನೋಡಿದರು. ನದಿ ನೋಡಿ ಎಂದೆ. “ನಂ ಭದ್ರೇಲೂ ನೀರೇ ಇರೋದು” ಎಂದರು.

ಪಿರಮಿಡ್ ನೋಡಿ ಬಂದ ದಿನ ಅವರ ಮೊಣಕಾಲು ಊದಿತು. ಮರುದಿನ ಗುಂಪು ಎರಡು ದಿನಕ್ಕೆಂದು ಅಲೆಕ್ಸಾಂಡ್ರಿಯಾಕ್ಕೆ ಹೊರಟಿತು. ಪಾರ್ವತಕ್ಕ ಹೋಟೆಲಿನಲ್ಲೇ ಉಳಿದರು, ಜೊತೆಗೆ ನಾನೂ. ಮುಂದೆ ನಡೆದದ್ದಕ್ಕೆಲ್ಲ ಆ ಮೊಣಕಾಲೇ ಕಾರಣ.

ಹೋಟೆಲಿನ ಸ್ವಾಗತದ ಮೇಜಿನಲ್ಲಿ ಮಹ್ಮೂದ್ ಎಂಬ ಯುವಕನಿದ್ದ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದ. ಪಾರ್ವತಕ್ಕನ ಮಾಮೂಲು ಪ್ರಶ್ನೆಗೆ ಅವನು ಕಿಟಕಿಯಿಂದ ಕೆಳಗೆ, ರಸ್ತೆಯಾಚೆಯ ಔಷಧಿ ಅಂಗಡಿಯ ಕಡೆ ನೋಡಿದ. ಪಾರ್ವತಕ್ಕನಿಗೆ ಅಷ್ಟು ಸಾಕಾಯಿತು. ಕುರ್ಚಿ ಎಳೆದುಕೊಂಡು ಕೂತರು.

ಆ ಅಂಗಡಿಯಲ್ಲಿ ಕೆಲಸ ಮಾಡುವ ಹನಾ ಎಂಬ ಹುಡುಗಿಯನ್ನು ಅವನು ಮದುವೆಯಾಗಬೇಕೆಂದಿದ್ದ. ಅವಳಿಗೂ ಮನಸ್ಸಿತ್ತು. ಅವನಿಗೆ ತಂದೆತಾಯಿ ಇಲ್ಲ, ಹಿಂದುಮುಂದಿನವರಿಲ್ಲ. ಧೈರ್ಯ ಮಾಡಿ ತಾನೇ ಹೋಗಿ ಅವಳ ತಂದೆ ಹಸನ್ ಸಾಹೇಬರನ್ನು ಕೇಳಿದ್ದ. ಅವರು ಚಹಾ ಕೊಟ್ಟು, ಆರೋಗ್ಯ ವಿಚಾರಿಸಿ, ದೇವರು ಇಟ್ಟ ಹಾಗಾಗಲಿ ಎಂದು ಹೇಳಿ ಕಳಿಸಿದ್ದರು. ಒಂದು ವರ್ಷದಿಂದ ಅದೇ ಉತ್ತರ. ಬರುವ ಶುಕ್ರವಾರ ಬೇರೆ ಗಂಡಿನ ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಅಂದು ಬುಧವಾರ.

“ಒಬ್ಬನೇ ಹೋಗಿದ್ಯಾ?” ಪಾರ್ವತಕ್ಕ ಕೇಳಿದರು.

“ಒಬ್ಬನೇ.”

“ಚಾ ಕುಡಿದ್ಯಾ?”

“ಮೂರು ಲೋಟ” ಎಂದ ಮಹ್ಮೂದ್.

ಪಾರ್ವತಕ್ಕ ಹಣೆ ಹಣೆ ಚಚ್ಚಿಕೊಂಡರು. “ಅಲ್ಲೇ ಕೆಟ್ಟಿದ್ದು ನೋಡು. ಗಂಡು ತಾನೇ ಹೋಗಿ ಹೆಣ್ಣು ಕೇಳಿ, ಮೇಲಿಂದ ಮೂರು ಲೋಟ ಚಾ ಕುಡಿದ್ರೆ ಯಾವ ಅಪ್ಪ ಕೊಡ್ತಾನೆ? ಹಿರಿಯರು ಹೋಗ್ಬೇಕು. ನಾಳೆ ಸಾಯಂಕಾಲ ಬರ್ತೀವಿ ಅಂತ ಅವರಿಗೆ ಫೋನ್ ಮಾಡು.”

“ಯಾರು ಬರ್ತೀವಿ ಅಂತ ಹೇಳಲಿ?” ಎಂದು ನಾನೇ ಕೇಳಿದೆ.

“ಗಂಡಿನ ಕಡೆಯವರು. ನಾನು, ನೀನು.”

ಅದಕ್ಕೂ ಮುಂಚೆ ಹುಡುಗಿಯನ್ನು ನೋಡಬೇಕಿತ್ತು. ಮೊಣಕಾಲಿನ ಮುಲಾಮಿನ ನೆಪದಲ್ಲಿ ರಸ್ತೆ ದಾಟಿದೆವು. ಹನಾ ಒಂದು ಡಬ್ಬಿ ಕೊಟ್ಟಳು. ಪಾರ್ವತಕ್ಕ ಅದಲ್ಲ, ಮೇಲಿನದು ಎಂದು ಬೆರಳು ತೋರಿಸಿದರು. ಅವಳು ಏಣಿ ಹತ್ತಿ ತೆಗೆದಳು. ಅದಲ್ಲ, ಆಚೆಯದು. ಮತ್ತೆ ಹತ್ತಿದಳು. ಕೊನೆಗೆ ಮೊದಲಿನ ಡಬ್ಬಿಯನ್ನೇ ಕೊಂಡೆವು. ಹನಾ ಬೇಸರಿಸದೆ ನಕ್ಕು, ಬಿಸಿನೀರಿನ ಶಾಖ ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹೊರಗೆ ಬಂದು ಪಾರ್ವತಕ್ಕ ವರದಿ ಒಪ್ಪಿಸಿದರು: “ಸಿಟ್ಟಿಲ್ಲ. ಮೊಣಕಾಲು ಗಟ್ಟಿ ಇದೆ. ಈ ಹುಡುಗನಿಗೇ ಆಗ್ಬೇಕು.”

ಗುರುವಾರ ಸಂಜೆ ಮಹ್ಮೂದ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಹಿಯ ಪೆಟ್ಟಿಗೆ ಹಿಡಿದು, ನಮ್ಮನ್ನು ಶುಬ್ರಾ ಎಂಬ ಕಿಕ್ಕಿರಿದ ಬಡಾವಣೆಗೆ ಕರೆದೊಯ್ದ. ಪಾರ್ವತಕ್ಕ ದಾರಿಗೆಂದು ಊರಿನಿಂದ ತಂದಿದ್ದ ಶೇಂಗಾ ಹೋಳಿಗೆಯಲ್ಲಿ ಉಳಿದಿದ್ದನ್ನು ಹೊಸ ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದರು. ಮೆಟ್ಟಿಲು ಹತ್ತುತ್ತಾ ಇಬ್ಬರಿಗೂ ಕಟ್ಟಪ್ಪಣೆ ಮಾಡಿದರು. ಮಹ್ಮೂದ್ ಬಾಯಿ ಬಿಡಬಾರದು. ನಾನು ಏನನ್ನೂ ಮುಟ್ಟಬಾರದು. “ಹೂಂ ಅನ್ನೋವರೆಗೆ ಹೆಣ್ಣಿನ ಮನೇಲಿ ಒಂದು ತೊಟ್ಟು ನೀರೂ ಮುಟ್ಟಬಾರದು ಮಾರಾಯ್ತಿ. ಉಪ್ಪಿಟ್ಟು ತಿಂದ ಬಾಯಲ್ಲಿ ಗಟ್ಟಿ ಮಾತು ಬರಲ್ಲ.”

ಬಾಗಿಲು ತೆಗೆದ ಹಸನ್ ಸಾಹೇಬರು ದಪ್ಪ ಮೀಸೆಯ ಭಾರಿ ಆಳು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಅಂಗಡಿ ಅವರದು. ಇಳಕಲ್ ಸೀರೆಯನ್ನು, ವಿಭೂತಿಯನ್ನು, ನನ್ನನ್ನು, ಕೊನೆಗೆ ಮಹ್ಮೂದನನ್ನು ನೋಡಿ ಒಳಗೆ ಕರೆದರು. ಮೂಲೆಯ ಮಂಚದ ಮೇಲೆ ಅವರ ಮುದಿ ತಾಯಿ ಕೂತಿದ್ದರು. ದಕ್ಷಿಣದ ಹಳ್ಳಿಯೊಂದರಿಂದ ಬಂದವರು. ಹನಾ ತಟ್ಟೆಯಲ್ಲಿ ಚಹಾ, ಬಿಸ್ಕತ್ತು, ಕಾಯಿತುರಿ ತುಂಬಿದ ಸಿಹಿ ತುಂಡುಗಳನ್ನು ತಂದಿಟ್ಟಳು. ಅನುವಾದಕ್ಕೆ ಅವಳೇ ನಿಲ್ಲಬೇಕಾಯಿತು. ಪಾರ್ವತಕ್ಕನ ಕನ್ನಡ ನನ್ನಲ್ಲಿ ಇಂಗ್ಲಿಷಾಗಿ, ಅವಳಲ್ಲಿ ಅರಬಿಯಾಗಿ ಹಸನ್ ಸಾಹೇಬರನ್ನು ಮುಟ್ಟುತ್ತಿತ್ತು. ತನ್ನ ಹುಡುಗನ ಗುಣಗಾನವನ್ನು ತನ್ನ ಅಪ್ಪನಿಗೆ ತಾನೇ ಹೇಳಬೇಕಾಗಿ ಬಂದ ಹುಡುಗಿಯ ಮುಖ ದಾಸವಾಳದ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು.

“ನಮ್ಮ ಹುಡುಗನಿಗೆ ನಿಮ್ಮ ಹುಡುಗಿ ಕೇಳೋಕೆ ಬಂದಿದೀವಿ” ಎಂದರು ಪಾರ್ವತಕ್ಕ.

“ಇವನು ನಿಮಗೆ ಏನಾಗಬೇಕು?” ಹಸನ್ ಸಾಹೇಬರು ಕೇಳಿದರು.

“ಎಲ್ಲಾ ನಾನೇ ಆಗ್ಬೇಕು. ಇನ್ಯಾರಿದಾರೆ ಅವನಿಗೆ?”

“ಮೊದಲು ಚಹಾ ತೆಗೆದುಕೊಳ್ಳಿ.”

ಪಾರ್ವತಕ್ಕ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ಮೇಜಿನ ನಡುವಿಗೆ ಸರಿಸಿದರು. ನಾನೂ ಸರಿಸಿದೆ. ಮಹ್ಮೂದ್ ಅಭ್ಯಾಸಬಲದಿಂದ ಚಾಚಿದ್ದ ಕೈಗೆ ಪಾರ್ವತಕ್ಕ ಟಪ್ಪೆಂದು ಹೊಡೆದರು.

ಮೂಲೆಯಲ್ಲಿದ್ದ ಅಜ್ಜಿ ಅಲ್ಲಿಯವರೆಗೆ ಜಪಮಣಿ ಎಣಿಸುತ್ತಿದ್ದವರು ನಿಲ್ಲಿಸಿದರು. ಮಗನನ್ನು ಕುರಿತು ಏನೋ ಹೇಳಿದರು. ಹಸನ್ ಸಾಹೇಬರು ತಡವರಿಸಿದರು. ಅಜ್ಜಿ ದನಿ ಏರಿಸಿದರು. ಹನಾ ಅನುವಾದ ನಿಲ್ಲಿಸಿಬಿಟ್ಟಿದ್ದಳು. ಬಾಯಿಗೆ ಸೆರಗಿನಂತೆ ತಲೆವಸ್ತ್ರದ ತುದಿ ಒತ್ತಿಕೊಂಡಿದ್ದಳು. ಏನೆಂದು ನಾನು ಪಿಸುದನಿಯಲ್ಲಿ ಮಹ್ಮೂದನನ್ನು ಕೇಳಿದೆ. ಅವನು ಪಾರ್ವತಕ್ಕನಿಗೆ ಕಾಣದಂತೆ ತಲೆ ತಗ್ಗಿಸಿ ಕಿವಿಯಲ್ಲಿ ಉಸುರಿದ. ಅಜ್ಜಿಯ ಹಳ್ಳಿಯ ಕಡೆ, ದೊಡ್ಡ ಕೋರಿಕೆ ಹೊತ್ತು ಬಂದ ಹಿರಿಯರು ಉತ್ತರ ಸಿಗುವವರೆಗೆ ಮನೆಯವರು ಕೊಟ್ಟದ್ದನ್ನು ಕುಡಿಯುವುದಿಲ್ಲವಂತೆ. ಅವರು ಗಂಟಲು ಒಣಗಿಸಿಕೊಂಡೇ ಎದ್ದುಹೋದರೆ ಆ ಮನೆಯ ಮರ್ಯಾದೆ ಮಣ್ಣುಪಾಲು. ಈ ಶಾಸ್ತ್ರವನ್ನು ಕೈರೋದಲ್ಲಿ ಜನ ಮರೆತೇಬಿಟ್ಟಿದ್ದಾರೆ, ಸಮುದ್ರ ದಾಟಿ ಬಂದ ಈ ಹೆಂಗಸಿಗೆ ಗೊತ್ತಿದೆ ಎಂದು ಅಜ್ಜಿ ಮಗನನ್ನು ಬೈಯುತ್ತಿದ್ದರು.

ಪಾರ್ವತಕ್ಕನಿಗೆ ಇದೊಂದೂ ತಿಳಿಯದು. ಅವರು ತಮ್ಮ ಹೊಸಮನೆಯ ನಿಯಮ ಪಾಲಿಸುತ್ತಾ ಕಲ್ಲಿನಂತೆ ಕೂತಿದ್ದರು. ಚಹಾದ ಮೇಲೆ ಕೆನೆ ಕಟ್ಟಲು ಹಾಲಿರಲಿಲ್ಲ, ಇದ್ದಿದ್ದರೆ ಕಟ್ಟುತ್ತಿತ್ತು. ಹಸನ್ ಸಾಹೇಬರು ಲೋಟ ನೋಡಿದರು, ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು, ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡರು. ಕೊನೆಗೆ ಒಂದು ಪ್ರಶ್ನೆ ಕೇಳಿದರು. ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ.

“ನಾನು ಇಷ್ಟು ದಿನ ಹೂಂ ಅನ್ನದಿದ್ದುದಕ್ಕೆ ಕಾರಣ ಇದೆ. ಇವನಿಗೆ ಯಾರೂ ಇಲ್ಲ. ನಾಳೆ ಇವನು ನನ್ನ ಮಗಳನ್ನು ಅಳಿಸಿದರೆ ನಾನು ಯಾರ ಮನೆ ಬಾಗಿಲಿಗೆ ಹೋಗಿ ಕೇಳಲಿ?”

ನಾನು ಕನ್ನಡದಲ್ಲಿ ಹೇಳಿದೆ. ಪಾರ್ವತಕ್ಕ ಒಂದು ಕ್ಷಣವೂ ತಡೆಯಲಿಲ್ಲ. “ನನ್ನ ಮನೆ ಬಾಗಿಲಿಗೆ ಬನ್ನಿ ಬೀಗರೇ. ಅಷ್ಟು ದೂರ ಆಗಲ್ಲ ಅಂದ್ರೆ ಫೋನ್ ಹಾಕಿ. ನಾನು ಕೇಳ್ತೀನಿ ಅವನ್ನ.”

ಬೀಗರು ಎಂಬ ಮಾತಿಗೆ ನನಗೆ ಇಂಗ್ಲಿಷ್ ಸಿಗಲಿಲ್ಲ. ಅದನ್ನು ಹಾಗೇ ಬಿಟ್ಟೆ. ಹಸನ್ ಸಾಹೇಬರು ತಮ್ಮ ಕೈಯಾರೆ ತಣ್ಣಗಾದ ಲೋಟವನ್ನು ಎತ್ತಿ ಪಾರ್ವತಕ್ಕನ ಕಡೆ ಚಾಚಿದರು. ಹೂಂ ಎಂಬುದಕ್ಕೆ ಅನುವಾದ ಬೇಕಾಗಲಿಲ್ಲ. ಪಾರ್ವತಕ್ಕ ಒಂದೇ ಗುಟುಕಿಗೆ ಕುಡಿದರು.

ಅಜ್ಜಿ ನಾಲಿಗೆ ಹೊರಳಿಸಿ ಉಲುಲುಲು ಎಂದು ಕೂಗಿದ ಕೂಗಿಗೆ ಕೆಳಗಿನ ಮನೆಯವರು, ಮೇಲಿನ ಮನೆಯವರು, ಎದುರು ಬಾಲ್ಕನಿಯವರು ಉತ್ತರ ಕೊಟ್ಟರು. ಮನೆ ತುಂಬಿಹೋಯಿತು. ಅವರೆಲ್ಲ ಅಂಗೈ ತೆರೆದು ಪ್ರಾರ್ಥನೆ ಹೇಳುವಾಗ ಪಾರ್ವತಕ್ಕ ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಬಂದ ಗುಲಾಬಿ ಶರಬತ್ತನ್ನು ಎಷ್ಟು ಲೋಟ ಕುಡಿದರೆಂದು ನಾನು ಲೆಕ್ಕ ಇಡಲಿಲ್ಲ. ಶೇಂಗಾ ಹೋಳಿಗೆಯನ್ನು ಅಜ್ಜಿ ಚೂರು ಮಾಡಿ ಬಂದವರಿಗೆಲ್ಲ ಪ್ರಸಾದದಂತೆ ಹಂಚಿದರು. ಮಹ್ಮೂದ್ ಅಳುತ್ತಾ ನಗುತ್ತಾ ಇದ್ದ. ಅವನಿಗೆ ಇನ್ನೂ ಬಾಯಿ ಬಿಡಲು ಅಪ್ಪಣೆ ಸಿಕ್ಕಿರಲಿಲ್ಲ.

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಅಜ್ಜಿಯ ಹಳ್ಳಿಯ ಶಾಸ್ತ್ರವನ್ನು ವಿವರಿಸಿದೆ. “ಹೌದಾ? ಒಳ್ಳೇ ಮನೆತನ ಹಾಗಾದ್ರೆ” ಎಂದರು ಪಾರ್ವತಕ್ಕ. “ನಂಗೆ ಬಾಯಿ ಎಷ್ಟು ಒಣಗಿತ್ತು ಗೊತ್ತಾ. ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಕೂರಿಸಿದ್ರೆ ನಾನೇ ಸೋಲ್ತಿದ್ದೆ.”

ಆಮೇಲಿನ ಎರಡು ವರ್ಷದಲ್ಲಿ ನಾನು ಭದ್ರಾವತಿಗೆ ಹೋದಾಗಲೆಲ್ಲ ಹಸನ್ ಸಾಹೇಬರ ಸುದ್ದಿ ಇರುತ್ತಿತ್ತು. ಅವರು ನಿಜಕ್ಕೂ ಫೋನ್ ಹಾಕುತ್ತಿದ್ದರು. ಕೊನೆಯ ಸಲ ಹೋದಾಗ ಕಣ್ಣಾರೆ ಕಂಡೆ. ಪಾರ್ವತಕ್ಕ ಜಗುಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟಿದ್ದರು. ಪರದೆಯಲ್ಲಿ ಮೀಸೆ. ಆ ಕಡೆಯಿಂದ ಅರಬಿ, ಈ ಕಡೆಯಿಂದ ಕನ್ನಡ, ನಡುವೆ ಯಾರೂ ಇಲ್ಲ. “ಅಲ್ವಾ ಮತ್ತೆ? ನಾನೂ ಅದೇ ಹೇಳೋದು ಬೀಗರೇ” ಎನ್ನುತ್ತಿದ್ದರು. ಮುಗಿದ ಮೇಲೆ ಏನು ಹೇಳಿದರು ಎಂದು ಕೇಳಿದೆ. “ಅಳಿಯನ ಮೇಲೆ ಏನೋ ದೂರು. ದೂರಿಗೆ ಭಾಷೆ ಯಾಕೆ ಬೇಕು, ಮುಖ ನೋಡಿದ್ರೆ ಗೊತ್ತಾಗಲ್ವಾ? ಸಂಜೆ ಮಹ್ಮೂದನಿಗೆ ಬೈತೀನಿ” ಎಂದರು. ಅದೂ ಕನ್ನಡದಲ್ಲೇ. ಅವನು ಸುಮ್ಮನೆ ಬೈಸಿಕೊಳ್ಳುತ್ತಿದ್ದನಂತೆ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಪಾರ್ವತಕ್ಕ ತೀರಿಕೊಂಡರು. ಹೊಸಮನೆಗೆ ಹೋದೆ. ಅಂತಿಮದರ್ಶನಕ್ಕೆ ಬಂದವರಲ್ಲಿ ಬಹುತೇಕ ಎಲ್ಲರೂ ಜೋಡಿ ಜೋಡಿಯಾಗಿ ಬಂದಿದ್ದರು. ಸಂಜೆ ಮಹ್ಮೂದನಿಗೆ ಸಂದೇಶ ಕಳಿಸಿದೆ.

ಕೆಲವು ದಿನ ಕಳೆದು ಕಚೇರಿಯಲ್ಲಿದ್ದಾಗ ಕೈರೋದಿಂದ ಕರೆ ಬಂತು. ಹಸನ್ ಸಾಹೇಬರು. ಮಗಳ ಮನೆಯಲ್ಲೇ ಕೂತು ಕರೆ ಮಾಡಿದ್ದರು, ಪಕ್ಕದಲ್ಲಿ ಅನುವಾದಕ್ಕೆ ಹನಾ. ಅವರು ಮೊದಲು ದೀರ್ಘವಾಗಿ ಏನೋ ಪ್ರಾರ್ಥಿಸಿದರು. ಆಮೇಲೆ ಕೇಳಿದರು: “ಈಗ ಗಂಡಿನ ಕಡೆಯವರು ಯಾರು?”

ನನಗೆ ತಿಳಿಯದು ಎಂದು ಹೇಳಲು ಹೊರಟೆ.

“ನೀವು ಪಕ್ಕದಲ್ಲೇ ಕೂತಿದ್ದಿರಿ. ನೀವೂ ಚಹಾ ಮುಟ್ಟಿರಲಿಲ್ಲ” ಎಂದರು. ಉತ್ತರಕ್ಕೆ ಕಾಯದೆ ದೂರು ಶುರು ಮಾಡಿದರು. ಅಳಿಯ ಎರಡು ಶುಕ್ರವಾರದಿಂದ ಊಟಕ್ಕೆ ಬಂದಿಲ್ಲ. ಕೇಳಿದರೆ ಹೋಟೆಲಿನಲ್ಲಿ ಕೆಲಸ ಎನ್ನುತ್ತಾನೆ.

ಮಹ್ಮೂದನಿಗೆ ಫೋನ್ ಕೊಡಿ ಎಂದೆ. ಅವನು ಬಂದ. ಹೀಗೆ ಮಾಡುವುದು ಸರಿಯಲ್ಲ, ಈ ಶುಕ್ರವಾರ ಹೋಗು ಎಂದು ಮೆಲ್ಲಗೆ ಹೇಳಿದೆ. ಖಂಡಿತ ಎಂದ. ಹಿಂದಿನಿಂದ ಹಸನ್ ಸಾಹೇಬರ ಗಟ್ಟಿ ದನಿ ಕೇಳಿಸಿತು. ಏನಂತೆ ಎಂದು ಹನಾಳನ್ನು ಕೇಳಿದೆ.

“ಇಷ್ಟು ಸಾಲದಂತೆ. ಪಾರ್ವತಕ್ಕ ಇನ್ನೂ ಜೋರಾಗಿ ಬೈತಿದ್ದರಂತೆ.”

ಡೆಸ್ಕಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ನಾನು ಎದ್ದು ಹೊರಗಿನ ಮೆಟ್ಟಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಜೋರಾಗಿ ಬೈದೆ.