ಬರೋಬ್ಬರಿ ಎಂಬ ಒಂದೇ ಮಾತು

ಜೀವಮಾನದ ಮಾತನ್ನೆಲ್ಲ ನಾನು ಎರಡೆರಡು ಸಲ ಆಡಿದ್ದೇನೆ. ಒಮ್ಮೆ ಕನ್ನಡದಲ್ಲಿ, ಇನ್ನೊಮ್ಮೆ ಮರಾಠಿಯಲ್ಲಿ. ಹಾಗಾಗಿ ನನ್ನ ವಯಸ್ಸಿನ ಬೇರೆಯವರಿಗಿಂತ ಎರಡು ಪಟ್ಟು ದಣಿದಿದ್ದೇನೆ ಅಂದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಚಿಕ್ಕೋಡಿಯ ಒಂದು ಕೇಬಲ್ ಚಾನೆಲ್ಲಿನಲ್ಲಿ ಆಟಗಳ ಕಾಮೆಂಟ್ರಿ ಹೇಳುವುದು ನನ್ನ ಕೆಲಸವಾಗಿತ್ತು. ತಲೆಗೂದಲು ಕಪ್ಪಗಿದ್ದಾಗ ಹಿಡಿದ ಮೈಕು, ತಲೆಗೆ ಬಣ್ಣ ಹಚ್ಚಿ, ಆಮೇಲೆ ಅದೂ ಬೇಸರವಾಗಿ ಬಿಟ್ಟ ಮೇಲೂ ಕೈಯಲ್ಲೇ ಇತ್ತು. ಚಾನೆಲ್ ಅಂದ ಕೂಡಲೇ ದೊಡ್ಡದೇನೋ ಕಣ್ಣ ಮುಂದೆ ತಂದುಕೊಳ್ಳಬೇಡಿ. ಬಟ್ಟೆ ಅಂಗಡಿಯ ಮೇಲಿನ ಒಂದು ಖೋಲಿ, ಗೋಡೆಗೆ ನೀಲಿ ಪರದೆ, ಮುಂದೆ ಒಂದು ಟೇಬಲ್ಲು. ಮೈದಾನಕ್ಕೆ ಹೋಗದ ದಿನ ಅಲ್ಲಿ ರೆಕಾರ್ಡಿಂಗ್ ಶುರುವಾದರೆ ಫ್ಯಾನು ಬಂದ್. ಬೇಸಿಗೆಯಲ್ಲಿ ನಾನು ಬೆವರು ಸುರಿಸುವುದನ್ನು ನೋಡಿ ಜನ, 'ಏನು ಜೋಶಿನಿಂದ ಹೇಳ್ತಾನಪಾ' ಎಂದು ಮೆಚ್ಚುತ್ತಿದ್ದರಂತೆ. ಜೋಶೂ ಇಲ್ಲ ಏನೂ ಇಲ್ಲ, ಸೆಕೆ.

ನಿಪ್ಪಾಣಿಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್, ರಾಯಬಾಗದಲ್ಲಿ ಕಬಡ್ಡಿ, ಅಥಣಿಯ ಕಡೆಗೆ ಎತ್ತಿನ ಗಾಡಿಯ ಶರ್ಯತ್ತು, ಕಾಗವಾಡದಲ್ಲಿ ವಾಲಿಬಾಲು. ಕುಸ್ತಿ ಮಾತ್ರ ಎಲ್ಲ ಕಡೆಗೂ. ಎಲ್ಲಿ ಹೋದರೂ ನೋಡುವವರಲ್ಲಿ ಅರ್ಧ ಜನರ ಮನೆಮಾತು ಕನ್ನಡ, ಅರ್ಧ ಜನರದು ಮರಾಠಿ. ಎಲ್ಲರಿಗೂ ಎರಡೂ ಚೆನ್ನಾಗಿಯೇ ತಿಳಿಯುತ್ತದೆ, ಆದರೆ ತಮ್ಮ ಮಾತು ಮೊದಲು ಬರಲಿಲ್ಲ ಅಂದರೆ ಮುಖ ಊದುತ್ತದೆ. ಅದಕ್ಕೆ ಚಾನೆಲ್ಲಿನ ಮಾಲಕರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ಎರಡರಾಗೂ ಹೇಳ್ರಿ. ಒಂದ ಸಲ ಕನ್ನಡ ಮೊದಲ, ಒಂದ ಸಲ ಮರಾಠಿ ಮೊದಲ. ಯಾರಿಗೂ ಸಿಟ್ ಬರಬಾರದು."

ಕಬಡ್ಡಿಯಲ್ಲಿ ಹೇಗೋ ನಡೆಯುತ್ತಿತ್ತು. ಶರ್ಯತ್ತಿನಲ್ಲಿ ಮಾತ್ರ ನನ್ನ ಮಾನ ಹೋಗುತ್ತಿತ್ತು. ಜೀಪಿನ ಹಿಂದೆ ನಿಂತು, ಕಂಬಿ ಹಿಡಿದುಕೊಂಡು, ಧೂಳು ನುಂಗುತ್ತ, "ಕರಿ ಎತ್ತಿನ ಜೋಡಿ ಮುಂದ ಬಂತು!" ಎಂದು ಕನ್ನಡದಲ್ಲಿ ಕೂಗಿ ಮರಾಠಿಗೆ ಹೊರಳುವಷ್ಟರಲ್ಲಿ ಬಿಳಿ ಎತ್ತುಗಳು ಗೆದ್ದು ನಿಂತಿರುತ್ತಿದ್ದವು. ಮರಾಠಿ ನೋಡುಗರಿಗೆ ನಾನು ಸುಳ್ಳುಗಾರ, ಮುಂದಿನ ಸಲ ಕನ್ನಡದವರಿಗೆ. ಕುಸ್ತಿಯಲ್ಲಿ "ಎತ್ತಿದಾ!" ಎಂದ ಮೇಲೆ "ಉಚಲಲಾ!" ಅನ್ನಬೇಕು. ಅಷ್ಟರೊಳಗೆ ಎತ್ತಿದವನೇ ಕೆಳಗೆ ಬಿದ್ದಿರುತ್ತಿದ್ದ.

ಹೀಗಾಗಿ ನನಗೆ ಒಂದು ಮಾತಿನ ಮೇಲೆ ಬಹಳ ಪ್ರೀತಿ ಹುಟ್ಟಿತು. ಬರೋಬ್ಬರಿ. ಎರಡೂ ಕಡೆಯವರಿಗೆ ಸ್ವಂತದ ಮಾತು. ಒಮ್ಮೆ ಅಂದರೆ ಸಾಕು. ಒಳ್ಳೆಯ ಪಟ್ಟು ಬಿದ್ದರೆ ಬರೋಬ್ಬರಿ, ಚೆಂಡು ಬೇಲಿ ದಾಟಿದರೆ ಬರೋಬ್ಬರಿ, ಏನೂ ತೋಚದಿದ್ದರೂ ಬರೋಬ್ಬರಿ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವರು ನನ್ನನ್ನು ಕಂಡರೆ "ತೂಕ ಬರೋಬ್ಬರಿ ಐತಿ ನೋಡ್ರಿ ಮಾಮಾ" ಎಂದು ನನ್ನ ದನಿಯಲ್ಲೇ ಅಣಕಿಸುತ್ತಿದ್ದರು. ನನಗೇನೂ ಬೇಸರವಿರಲಿಲ್ಲ. ಕುಸ್ತಿಯ ಕಣದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವಿದೆ. ಇಬ್ಬರು ಪೈಲ್ವಾನರೂ ಸೋಲದೆ ಬಹಳ ಹೊತ್ತು ಸೆಣಸಿ ಸುಸ್ತಾದಾಗ ಪಂಚರು, ಅಂದರೆ ತೀರ್ಪು ಕೊಡುವವರು, ಇಬ್ಬರ ಕೈಯನ್ನೂ ಮೇಲೆತ್ತಿ "ಬರೋಬ್ಬರಿ" ಅನ್ನುತ್ತಾರೆ. ಕುಸ್ತಿ ಸಮ ಆಯಿತು, ಬಿಡಿ ಎಂದರ್ಥ. ಆ ಅರ್ಥದಲ್ಲಿ ಅದನ್ನು ಹೇಳುವ ಹಕ್ಕು ಪಂಚರದು, ನನ್ನದಲ್ಲ.

ಮನೆಯಲ್ಲಿ ನಾನು ಮೂಕ. ಇದನ್ನು ಯಾರೂ ನಂಬುವುದಿಲ್ಲ. ಮೈದಾನದಿಂದ ಬರುವಾಗ ಗಂಟಲು ಕಟ್ಟಿರುತ್ತಿತ್ತು. ಹೆಂಡತಿ ಅರಿಷಿಣ ಹಾಕಿದ ಹಾಲು ಕೊಡುತ್ತಿದ್ದಳು, ನಾನು ಕುಡಿದು ಕೈಸನ್ನೆ ಮಾಡುತ್ತಿದ್ದೆ. ಪಲ್ಯಕ್ಕೆ ಉಪ್ಪು ಬೇಕು ಅಂದರೆ ಒಂದು ಬೆರಳು, ಸಾಕು ಅಂದರೆ ಅಂಗೈ. ನಾಲ್ಕು ದಿನಕ್ಕೆ ದನಿ ಸರಿಯಾಯಿತು ಅನ್ನುವಾಗ ಮತ್ತೊಂದು ಮೈದಾನ. ಮದುವೆಯಾದ ಹೊಸದರಲ್ಲಿ ಅವಳು ಇದಕ್ಕೆ ನಗೆಯಾಡುತ್ತಿದ್ದಳು, ಆಮೇಲೆ ಸಿಟ್ಟಾದಳು, ಆಮೇಲೆ ಸಿಟ್ಟನ್ನೂ ಬಿಟ್ಟಳು. ಕಾಗವಾಡದ ಜೈನ ಹಿರಿಯರೊಬ್ಬರು ಒಮ್ಮೆ ದ್ರಾಕ್ಷಿಯ ಬುಟ್ಟಿ ಕೊಡುತ್ತ, "ಹೊತ್ತ ಮುಳಗೂಕಿಂತ ಮೊದಲ ಊಟ ಮುಗಿಸಿ, ನಿಮ್ಮ ಮಾತ ಕೇಳಕೋತ ಕುಂದರತೇವಿ ನೋಡ್ರಿ, ಮನಿ ಮಂದಿ ಎಲ್ಲಾ" ಅಂದರು. ಬುಟ್ಟಿ ತಂದು ಇದನ್ನು ಹೆಂಡತಿಗೆ ಸನ್ನೆಯಲ್ಲಿ ಹೇಳಲು ಹೋಗಿ ಸೋತೆ. ಅವಳು ದ್ರಾಕ್ಷಿ ತೊಳೆದು, "ಯಾರೋ ಕೇಳತಾರಲ್ಲ, ಛಲೋ ಆತು ಬಿಡ್ರಿ" ಅಂದಳು. ಅವಳಿಗೆ ಹೇಗೆ ತಿಳಿಯಿತೋ ಗೊತ್ತಾಗಲಿಲ್ಲ.

ಹೋದ ಚಳಿಗಾಲದಲ್ಲಿ ದನಿ ನಾಲ್ಕು ದಿನಕ್ಕೂ ಸರಿಯಾಗಲಿಲ್ಲ. ಮಿರಜಿಗೆ ಹೋಗಿ ಗಂಟಲಿನ ಡಾಕ್ಟರರಿಗೆ ತೋರಿಸಿದೆವು. ಅವರು ಮೂಗಿನಿಂದ ನಳಿಕೆ ಬಿಟ್ಟು, ಒಳಗಿನದನ್ನೆಲ್ಲ ಟಿವಿಯಲ್ಲಿ ತೋರಿಸಿದರು. ಅಷ್ಟು ವರ್ಷ ನಾನು ದುಡಿಸಿಕೊಂಡ ಅಂಗವನ್ನು ಅವತ್ತೇ ಮೊದಲು ನೋಡಿದ್ದು. ಅದರ ಮೇಲೊಂದು ಗಂಟು ಕೂತಿತ್ತು. ತೆಗೆಯಬೇಕು, ತೆಗೆದ ಮೇಲೆ ಕೆಲವು ವಾರ ಬಾಯಿ ಬಿಡಬಾರದು, ಆಮೇಲೆ ಮಾತು ಬರುತ್ತದೆ, ಆದರೆ ಅದು ಮನೆಯಲ್ಲಿ ಆಡುವ ಮಾತಾಗಿರಬೇಕು, ಮತ್ತೆ ಮೈದಾನದಲ್ಲಿ ಕೂಗಿದರೆ ಇದ್ದದ್ದೂ ಹೋಗಬಹುದು ಎಂದರು. ಇದನ್ನು ಅವರೂ ಮೊದಲು ಮರಾಠಿಯಲ್ಲಿ ಹೇಳಿ, ಹೆಂಡತಿಯ ಮುಖ ನೋಡಿ, ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. ಕೆಟ್ಟ ಸುದ್ದಿಯನ್ನು ಎರಡು ಸಲ ಕೇಳುವವರ ಪಾಡು ಅವತ್ತು ನನಗೆ ತಿಳಿಯಿತು.

ವಾಪಸ್ ಬರುವ ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬರುವಾಗ, ಏಕಸಂಬಿಯ ಕುಸ್ತಿಗೆ ಮಾಲಕರಿಗೆ ಮಾತು ಕೊಟ್ಟಿದ್ದೇನೆ, ಅದೊಂದು ಮುಗಿಸಿ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಒಡಕು ದನಿಯಲ್ಲಿ ಹೇಳಿದೆ. ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು.

"ಹೋಗ್ರಿ," ಅಂದಳು. "ಆದ್ರ ಉಳಿದಷ್ಟ ದನಿ ಮನಿಗಿ ತರ್ರಿ. ನನ್ನ ಪಾಲಿಂದು ಅದರಾಗ ಐತಿ."

ಏಕಸಂಬಿಯಲ್ಲಿ ಮಧ್ಯಾಹ್ನದಿಂದಲೇ ಜೋಡಿಗಳ ಕುಸ್ತಿ ಶುರುವಾಯಿತು. ನಾನು ಬಿಸಿ ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿ ಮಾತಾಡಿದೆ. ನನ್ನ ಮಾತು ಟಿವಿಗೂ ಹೋಗುತ್ತಿತ್ತು, ಮೈದಾನದ ಕರ್ಣಗಳಿಗೂ, ಅಂದರೆ ಕಂಬಕ್ಕೆ ಕಟ್ಟಿದ ಸ್ಪೀಕರುಗಳಿಗೂ ಹೋಗುತ್ತಿತ್ತು. ಕೊನೆಯ ಜೋಡಿ ಇಳಿಯುವ ಹೊತ್ತಿಗೆ ನನ್ನಲ್ಲಿ ಉಸಿರು ಮಾತ್ರ ಉಳಿದಿತ್ತು. ಒಬ್ಬ ಕಾಗವಾಡದ ಕಡೆಯ ದ್ರಾಕ್ಷಿ ತೋಟದವರ ಹುಡುಗ, ಇನ್ನೊಬ್ಬ ಗಡಿಯ ಆಚೆಯ ಪೈಲ್ವಾನ. ಇಬ್ಬರೂ ಗಟ್ಟಿ. ಕೈಗೆ ಕೈ, ತಲೆಗೆ ತಲೆ ಕೊಟ್ಟು ನಿಂತವರು ಅಲುಗಲೇ ಇಲ್ಲ. ಜನ ಮೊದಲು ಸೀಟಿ ಹೊಡೆದರು, ಆಮೇಲೆ ಬೈದರು, ಆಮೇಲೆ ಶೇಂಗಾ ತಿನ್ನತೊಡಗಿದರು. ಹೊತ್ತು ಇಳಿಯುತ್ತ ಬಂತು. ಕಡೆಗೆ ಕಾಗವಾಡದವನು ಎದುರಾಳಿಯನ್ನು ಕೆಳಗೆ ಹಾಕಿ, ಮೇಲೆ ಕೂತು, ಹೊರಳಿಸಲು ಸೊಂಟ ಹಿಡಿದ. ಇನ್ನು ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಅದೂ ಆಗಲಿಲ್ಲ. ಹಿಡಿದವನು ಹಿಡಿದೇ ಇದ್ದ, ಬಿದ್ದವನು ಬಿದ್ದೇ ಇದ್ದ.

ನಾನು ಮೈಕಿನ ಹತ್ತಿರ ಬಾಗಿ, "ಸೊಂಟದ ಹಿಡಿತ ಬರೋಬ್ಬರಿ ಬಿದ್ದೈತಿ" ಎನ್ನಲು ಹೋದೆ. ಮೊದಲಿನ ಎರಡು ಮಾತು ಗಂಟಲಲ್ಲೇ ಸತ್ತವು. ಕಡೆಯ ಮಾತೂ ಹೊರಬರಲಿಲ್ಲ. ನಡುವಿನದೊಂದು ಮಾತ್ರ, ಎಲ್ಲಿ ಅಡಗಿತ್ತೋ ಏನೋ, ಸ್ವಚ್ಛವಾಗಿ, ಗಟ್ಟಿಯಾಗಿ, ಎಲ್ಲ ಕರ್ಣಗಳಿಂದ ಮೊಳಗಿತು.

"ಬರೋಬ್ಬರಿ!"

ಮೇಲಿದ್ದವನು ಕೈಬಿಟ್ಟ. ಕೆಳಗಿದ್ದವನು ಹೊರಳಿ ಎದ್ದು ಕೂತ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕುಸ್ತಿ ಏರ್ಪಡಿಸಿದ ಊರ ಹಿರಿಯರೆಲ್ಲ ಮಾತಾಡಿಕೊಂಡು ನನ್ನಿಂದ ಹೇಳಿಸಿದರು ಎಂದು ಪಂಚರು ತಿಳಿದರು. ಪಂಚರೇ ಹೇಳಿಸಿದರು ಎಂದು ಹಿರಿಯರು ತಿಳಿದರು. ನಾನು ಗಾಬರಿಯಾಗಿ ಎದ್ದು, ಅಲ್ಲ, ಅಲ್ಲ ಎಂದು ಎರಡೂ ಕೈ ಮೇಲೆತ್ತಿ ಬೀಸಿದೆ. ಎರಡೂ ಕೈ ಮೇಲೆತ್ತಿದ್ದನ್ನು ನೋಡಿ ಇದ್ದ ಅನುಮಾನವೂ ಎಲ್ಲರಿಗೆ ಪರಿಹಾರವಾಯಿತು. ಪಂಚರು ಇಬ್ಬರು ಪೈಲ್ವಾನರ ಕೈ ಎತ್ತಿಬಿಟ್ಟರು. ಹಲಗಿಯವರು ಬಾರಿಸತೊಡಗಿದರು. ತಿದ್ದಲು ನನ್ನಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

ವೈರು ಸುತ್ತುವಾಗ ಕಾಗವಾಡದ ಪೈಲ್ವಾನ ನನ್ನ ಕಡೆಗೇ ಬಂದ. ಮೈತುಂಬ ಕೆಂಪು ಮಣ್ಣು, ಕಿವಿ ಮುದುರಿದ ಆಳು. ಬೈಯುತ್ತಾನೆ, ಬೈಯಲಿ ಎಂದು ತಲೆ ತಗ್ಗಿಸಿದೆ. ಅವನು ನನ್ನ ಕಾಲು ಮುಟ್ಟಿದ.

"ಛಲೋ ಮಾಡಿದ್ರಿ ಮಾಮಾ. ಬೆರಳಾಗಿನ ಕಸುವ ಹೋಗಿತ್ತು ನಂದು. ಹಿಡಿದೇನಿ ಅನ್ನೂದು ಕಣ್ಣಿಗಿ ಅಷ್ಟ ಕಾಣತಿತ್ತು. ಬಿಡಾಕ ನಾಚಿಕಿ. ಯಾರರ ಬಿಡ ಅನಬೇಕಿತ್ತು, ನೀವ ಅಂದ್ರಿ."

ನಾನು ಅವನ ಬೆನ್ನು ತಟ್ಟಿದೆ. ಮಣ್ಣು ಕೈಗೆ ಅಂಟಿತು. ಚಾನೆಲ್ಲಿನ ಹುಡುಗನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮನೆಗೆ ಬರುವ ದಾರಿಯುದ್ದಕ್ಕೂ ಅವನ ಮಾತೇ ತಲೆಯಲ್ಲಿತ್ತು. ಬಿಡಲು ನಾಚಿಕೆ. ನನ್ನ ಗಂಟಲು ಹೋಗಿ ಎಷ್ಟೋ ಕಾಲವಾಗಿತ್ತು. ಹಿಡಿದಿದ್ದೇನೆ ಅನ್ನುವುದು ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಮೈಕು ಕೆಳಗಿಟ್ಟರೆ ನಾನು ಯಾರು ಎಂಬ ಹೆದರಿಕೆಯಲ್ಲಿ ಹಿಡಿದೇ ಇದ್ದೆ, ಅಷ್ಟೇ. ನನಗೆ ಬಿಡು ಅನ್ನುವವರು ಯಾರೂ ಇರಲಿಲ್ಲ. ಇದ್ದವಳೊಬ್ಬಳು ಹೇಳಿ ಹೇಳಿ ಸುಮ್ಮನಾಗಿದ್ದಳು.

ಆಪರೇಷನ್ ಆಯಿತು. ಪಿಸುಮಾತೂ ಆಡಬಾರದು ಎಂದು ಕಟ್ಟಪ್ಪಣೆ. ಆ ವಾರಗಳಲ್ಲಿ ಒಂದು ವಿಚಿತ್ರ ನಡೆಯಿತು. ಹೆಂಡತಿ ಮಾತಿಗೆ ಶುರು ಮಾಡಿದಳು. ಅವರೆ ಸುಲಿಯುತ್ತ, ಬಟ್ಟೆ ಮಡಿಸುತ್ತ, ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, ಅಣೆಕಟ್ಟಿನ ಬಾಗಿಲು ತೆರೆದ ಹಾಗೆ. ಕೃಷ್ಣಾ ನದಿಗೆ ಮಹಾಪೂರ ಬಂದ ವರ್ಷ ಯಡೂರಿನ ತನ್ನ ತವರಿನವರು ನಮ್ಮಲ್ಲಿ ಬಂದಿದ್ದಾಗ ಅತ್ತಿಗೆ ಏನಂದಳು ಅನ್ನುವುದರಿಂದ ಹಿಡಿದು ಎಲ್ಲವೂ ಬಂತು. ನಾನು ಕೇಳುತ್ತ ಕೂತೆ. ಒಂದು ದಿನ, ನನ್ನ ಕಡೆ ನೋಡದೆಯೇ ಅಂದಳು:

"ನಾ ಟಿವಿ ನೋಡೂದಿಲ್ಲಂತ ತಿಳಕೊಂಡೀರಿ. ಒಂದೂ ಬಿಟ್ಟಿಲ್ಲ. ಅಡಗಿ ಮನ್ಯಾಗ ನಿಂತು ಕೇಳತಿದ್ದೆ. ನೀವು ಮಾತಾಡೂದು ಅದೊಂದ ಇತ್ತು. ಕುಸ್ತಿದ ಮಾತ ಕೇಳಕೋತನ ಸಂಸಾರ ಮಾಡೇನ್ರಿ ನಾ."

ನನಗೆ ಅಳು ಬಂತು. ಅಳುವಾಗಲೂ ದನಿ ಮಾಡಬಾರದಲ್ಲ, ಸುಮ್ಮನೆ ಕಣ್ಣೊರೆಸಿಕೊಂಡೆ. ದ್ರಾಕ್ಷಿ ಬುಟ್ಟಿಯ ದಿನದ ಅವಳ ಮಾತು ಆಗ ಅರ್ಥವಾಯಿತು.

ಬಾಯಿ ಬಿಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಮಾಲಕರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಬಾಳೆಹಣ್ಣು ತಂದಿದ್ದರು. ಈಗ ಎಲ್ಲರೂ ಮೊಬೈಲಿನಲ್ಲೇ ನೋಡುತ್ತಾರೆ, ಕೇಬಲ್ಲು ಇವತ್ತೋ ನಾಳೆಯೋ ಎನ್ನುವ ಹಾಗಿದೆ, ಆದರೆ ಕುಸ್ತಿಗೆ ಮಾತ್ರ ಜನ ನಿಮ್ಮ ದನಿಯನ್ನೇ ಕೇಳುತ್ತಾರೆ, ಇನ್ನೊಂದು ಹಂಗಾಮು ಹೇಗಾದರೂ ನಡೆಸಿಕೊಡಿ ಎಂದರು. ಮೆಲ್ಲಗೆ ಹೇಳಿದರೂ ಸಾಕು, ಮಷೀನಿನಲ್ಲಿ ದೊಡ್ಡದು ಮಾಡೋಣ ಎಂದರು. ನಾನು ನೆಲ ನೋಡುತ್ತ ಕೂತಿದ್ದೆ. ಬೇಡ ಎನ್ನಬೇಕು ಎಂದು ಗೊತ್ತಿತ್ತು. ನಾಚಿಕೆಯಾಗುತ್ತಿತ್ತು. ಕಡೆಗೆ ತಲೆ ಹೂಂ ಎಂದೇ ಆಡುತ್ತದೆ ಎಂದು ನನ್ನ ತಲೆಯದೇ ನನಗೆ ಭಯವಿತ್ತು.

ಹೆಂಡತಿ ಚಹಾ ತಂದಿಟ್ಟಳು. ನಾನು ಒಂದು ಗುಟುಕು ಕುಡಿದೆ.

"ಸಕ್ರಿ ಹೆಂಗೈತ್ರಿ?" ಎಂದಳು.

"ಬರೋಬ್ಬರಿ," ಎಂದೆ.

ದನಿ ಬಂದೇಬಿಟ್ಟಿತು. ಹಳೆಯದಲ್ಲ, ಸಣ್ಣದು, ಸ್ವಲ್ಪ ಒಡೆದದ್ದು, ಆದರೆ ನನ್ನದೇ. ಮಾಲಕರು ಕಪ್ಪು ಕೆಳಗಿಟ್ಟು, "ಏ, ಬಂತಲ್ರಿ ದನಿ! ಮತ್ತ ಇನ್ನೇನ್ ಬೇಕು?" ಎಂದು ನನ್ನ ತೊಡೆ ತಟ್ಟಿದರು.

"ಕೇಳಿದ್ರಿಲ್ಲ ಅಣ್ಣಾರ?" ಎಂದಳು ಅವಳು, ಕಣ್ಣು ತುಂಬಿಕೊಂಡು, ನಗುತ್ತ. "ಬರೋಬ್ಬರಿ ಅಂದಾರ ಅವರು. ಕುಸ್ತಿ ಬಿಟ್ಟಂಗ."

ನನಗೆ ತಲೆಯ ಮೇಲಿನ ಹೊರೆ ಇಳಿಸಿದ ಹಾಗಾಯಿತು. ಮಾಲಕರು ನನ್ನ ಮುಖ ನೋಡಿದರು. ನಾನು ಎರಡೂ ಕೈ ಮೇಲೆತ್ತಿದೆ. ಈ ಸಲ ಬೀಸಲಿಲ್ಲ.

ಅವರು ಹೋದ ಮೇಲೆ ಉಳಿದ ಚಹಾ ಕುಡಿದೆ. ಸಕ್ಕರೆ ನಿಜಕ್ಕೂ ಸ್ವಲ್ಪ ಕಡಿಮೆಯಿತ್ತು. ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆಗೂ ದನಿ ಇರುತ್ತದಲ್ಲ.