ಅಮಾವಾಸ್ಯೆಯ ಹೂವು, ಜರ್ಮನಿಯ ಕಾರು

ಕಾರಿನ ಕೀಲಿ ತಿರುಗಿಸುವ ಮೊದಲು ನಾನು ಉಸಿರು ಬಿಗಿ ಹಿಡಿಯುತ್ತೇನೆ. ಎದುರಿನ ಗಾಜಿನ ಫಲಕದಲ್ಲಿ ಕೆಂಪು, ಹಳದಿ ದೀಪಗಳೆಲ್ಲ ಒಮ್ಮೆ ಹೊತ್ತಿಕೊಳ್ಳುತ್ತವೆ. ಆಮೇಲೆ ಒಂದೊಂದಾಗಿ ಆರಬೇಕು. ಆರದೆ ಉಳಿದ ದೀಪವೇ ಅವತ್ತಿನ ನನ್ನ ಹಣೆಬರಹ.

ಯಲಬುರ್ಗಾದಲ್ಲಿ ಮನೆ, ಕೊಪ್ಪಳದಲ್ಲಿ ಗುಮಾಸ್ತೆಯ ಕೆಲಸ. ಇಂಥವಳಿಗೆ ಜರ್ಮನಿಯ ಕಾರು ಯಾಕೆ ಬೇಕಿತ್ತು ಎಂದು ಕುಕನೂರಿನ ಚಹಾದಂಗಡಿಯವರೂ ಕೇಳಿದ್ದಾರೆ. ಕಾರಣ ನಮ್ಮ ಅತ್ತೆ. ಹಿತ್ತಲಲ್ಲಿ ಜಾರಿ ಬಿದ್ದು ಅವರ ಬೆನ್ನಿನ ಮಣಿಗೆ ಪೆಟ್ಟಾಯಿತು. ಆಮೇಲೆ ಬಸ್ಸು ಹತ್ತಿದರೆ ಮೂರು ದಿನ ಮಲಗುತ್ತಿದ್ದರು. ಸಣ್ಣ ಕಾರುಗಳಲ್ಲೂ ರಸ್ತೆಯ ಪ್ರತಿ ಉಬ್ಬಿಗೆ ಹಲ್ಲು ಕಚ್ಚುತ್ತಿದ್ದರು. ಕುಷ್ಟಗಿಯಲ್ಲಿ ಅವರ ಅಕ್ಕ, ನಮ್ಮ ದೊಡ್ಡತ್ತೆ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಮಾತಿಲ್ಲ. ಬೇರೆ ಯಾರು ಹೋದರೂ ಸೂರು ನೋಡುತ್ತ ಮಲಗಿರುವ ಆ ಮುದುಕಿ, ತಂಗಿ ಬಂದಾಗ ಮಾತ್ರ ಕೈ ಚಾಚಿ ಅವಳ ಕೈ ಹಿಡಿಯುತ್ತಾಳೆ. ಅತ್ತೆಗೆ ವಾರಕ್ಕೊಮ್ಮೆ ಆ ಕೈ ಬೇಕು. ಗಂಗಾವತಿಯ ಅಕ್ಕಿ ಗಿರಣಿಯವರೊಬ್ಬರು ಹೊಸ ಕಾರು ಕೊಂಡು ಹಳೆಯದಾದ ಇದನ್ನು ಮಾರುತ್ತಿದ್ದಾಗ, ಅತ್ತೆಯನ್ನು ಅದರ ಹಿಂದಿನ ಸೀಟಿನಲ್ಲಿ ಕೂಡಿಸಿ ಊರೆಲ್ಲ ಒಂದು ಸುತ್ತು ಹಾಕಿಸಿದೆವು. ಇಳಿದು, "ಹಾಸಿಗಿ ಮ್ಯಾಲ ಮಲಗಿ ಬಂದಂಗಾತವಾ" ಅಂದರು. ಮುಂದಿನದೆಲ್ಲ ಆ ಒಂದು ಮಾತಿನಿಂದ ಆದದ್ದು.

ಕಾರು ಅತ್ತೆಯ ಬೆನ್ನನ್ನೇನೋ ಉಳಿಸಿತು, ನನ್ನ ನಿದ್ದೆಯನ್ನು ಕೆಡಿಸಿತು. ಅದರ ಹೊಟ್ಟೆ ನೆಲಕ್ಕೆ ಹತ್ತಿರ. ಸುಗ್ಗಿಯಲ್ಲಿ ಗಾಡಿಗಳು ತುಳಿಯಲಿ ಎಂದು ರಸ್ತೆ ತುಂಬ ಹುರುಳಿ ಹರವಿರುತ್ತಾರೆ. ಉಳಿದವರು ಅದರ ಮೇಲೆಯೇ ಹಾಯ್ದು ಪುಣ್ಯ ಕಟ್ಟಿಕೊಂಡರೆ, ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಹೊತ್ತಿಕೊಂಡೀತು ಎಂದು ನಾನು ರಸ್ತೆ ಬಿಟ್ಟು ಇಳಿಯುತ್ತೇನೆ. "ಇಷ್ಟ್ ದೊಡ್ಡ ಗಾಡಿ ಐತಿ, ಒಂದೀಟು ತುಳದ್ರ ಏನಾಕ್ಕೈತ್ರಿ?" ಎಂದು ಬೈಸಿಕೊಂಡಿದ್ದೇನೆ. ದಾಳಿಂಬೆ ತೋಟ ನೋಡಿಕೊಳ್ಳುವ ನನ್ನ ಗಂಡನಿಗೆ ಇದೆಲ್ಲ ತಮಾಷೆ. "ಟ್ರ್ಯಾಕ್ಟರ್ ಕೆಟ್ರ ಎರಡು ಬಡದ್ರ ಚಾಲೂ ಆಕ್ಕೈತಿ. ನಿನ್ನ ಗಾಡಿಗೆ ಏನಾಗೇತಿ ಅಂತ ಕೇಳಾಕನ ಒಂದು ಕಂಪ್ಯೂಟರ್ ಬೇಕು" ಅನ್ನುತ್ತಾರೆ.

ಕಾರು ಕೆಟ್ಟು ನಾನು ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆಂಬ ಭಯ ಅತ್ತೆಗೂ ಇತ್ತು. ಅದಕ್ಕೆ ಅವರು ಮಾಡುತ್ತಿದ್ದ ಉಪಾಯ ಅಮಾವಾಸ್ಯೆಯ ಪೂಜೆ. ಬಾನೆಟ್ಟಿಗೆ ವಿಭೂತಿ, ಕುಂಕುಮ. ಗಾಲಿಯ ಅಡಿಗೆ ನಿಂಬೆಹಣ್ಣು. ಮುಂದಿನ ಗಾಜಿನ ಬುಡಕ್ಕೆ ಹಿತ್ತಲಿನ ಚೆಂಡುಹೂವಿನ ದಪ್ಪ ಮಾಲೆ, ಮೇಲೆ ಒಂದು ಹಿಡಿ ಅಕ್ಷತೆ. ಮಾಲೆ ಬಾಡಿದರೂ ನಾನು ಮುಟ್ಟುವಂತಿರಲಿಲ್ಲ. "ಏರಿಸಿದ ಹೂವು ತಾನಾ ಉದುರಬೇಕವಾ, ಕೈ ಹಚ್ಚಿ ಕೀಳಬಾರದು" ಎಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಹೂವು ಕೊಪ್ಪಳಕ್ಕೂ ಬರುತ್ತಿತ್ತು, ಬಿಸಿಲಿಗೆ ಒಣಗಿ, ಗಾಳಿಗೆ ಚೂರಾಗಿ, ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಎಂದು ನಾನು ಯೋಚಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ಕಾರಿಗೆ ಹುಚ್ಚು ಹಿಡಿಯಿತು. ಬಾಗಿಲು ಹಾಕಿದ್ದರೂ ತೆರೆದಿದೆ ಎಂದು ಕೂಗುತ್ತಿತ್ತು. ಮಳೆಯಿಲ್ಲದಾಗಲೂ ವೈಪರ್ ತಾನೇ ಆಡತೊಡಗುತ್ತಿತ್ತು. ಒಳಗೆ ಹಸಿ ಗೋಣಿಚೀಲದ ವಾಸನೆ. ಗಂಗಾವತಿಯ ಮೇಸ್ತ್ರಿ ಕಂಪ್ಯೂಟರ್ ಜೋಡಿಸಿ ದೀಪ ಆರಿಸಿಕೊಡುತ್ತಿದ್ದ. ನಾಲ್ಕು ದಿನಕ್ಕೆ ಮತ್ತೆ ಹೊತ್ತುತ್ತಿದ್ದವು. ಅತ್ತೆ ಕಾರನ್ನು ನೋಡಿ, "ದೃಷ್ಟಿ ತಾಗೇತಿ" ಎಂದು ತೀರ್ಮಾನಿಸಿದರು. ಅಮಾವಾಸ್ಯೆಯ ಜೊತೆಗೆ ಸೋಮವಾರವೂ ಹೂವು ಏರತೊಡಗಿತು. ದೀಪ ಹೆಚ್ಚಿದಷ್ಟೂ ಮಾಲೆ ದಪ್ಪವಾಯಿತು.

ಒಂದು ಭಾನುವಾರ, ರಾತ್ರಿಯಿಡೀ ಸುರಿದ ಮಳೆ ಬಿಟ್ಟ ಮೇಲೆ ಕುಷ್ಟಗಿಗೆ ಹೊರಟೆವು. ಯಲಬುರ್ಗಾ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿದವು, ಒಟ್ಟಿಗೆ ಆರಿದವು. ಕಾರು ನಿಂತಿತು. ಕೀಲಿ ಎಷ್ಟು ತಿರುಗಿಸಿದರೂ ಮತ್ತೆ ಚಾಲೂ ಆಗಲಿಲ್ಲ. ಹಿಂದೆ ಅತ್ತೆ ತೊಡೆಯ ಮೇಲೆ ಅಕ್ಕನಿಗೆಂದು ಗೋಧಿ, ಬೆಲ್ಲ ಸೇರಿಸಿ ಕಲಸಿದ ಮಾದಲಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಕುಷ್ಟಗಿಯ ಬಸ್ಸು ಬಂತು. ಅತ್ತೆ ಬಾಗಿಲು ತೆರೆದು ಕಾಲು ಕೆಳಗಿಟ್ಟರು.

"ಬ್ಯಾಡ್ರಿ ಅತ್ತಿ, ನಿಮ್ಮ ಬೆನ್ನು ತಡಿಯೂದಿಲ್ಲ."

"ಆಕಿ ದಾರಿ ಕಾಯಾಕತ್ತಿರತಾಳ."

ಅವರ ರಟ್ಟೆ ಹಿಡಿದು ತಡೆದೆ. ಬಸ್ಸು ಹೋಯಿತು. ಅವರು ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗಂಡ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ಇಂಥ ಗಾಡಿಯನ್ನು ಹಾಗೆ ಎಳೆಯಬಾರದಂತೆ, ಇನ್ನೇನು ಮುರಿಯುತ್ತದೋ ಎಂದು ನಾನು ಪ್ರತಿ ಜಗ್ಗಿಗೂ ಕಣ್ಣು ಮುಚ್ಚುತ್ತಿದ್ದೆ. ಸಂಜೆ ಕುಷ್ಟಗಿಯಿಂದ ದೊಡ್ಡತ್ತೆಯ ಸೊಸೆ ಫೋನು ಮಾಡಿದಳು. "ಇವತ್ತು ಬಾಗಲಾನ ನೋಡ್ಕೋತ ಮಲಗ್ಯಾರ್ರಿ, ಗಂಜಿ ಮುಟ್ಟಿಲ್ಲ" ಅಂದಳು. ಮುಂದಿನ ಭಾನುವಾರದ ತನಕ ಆ ಜೀವ ಇರುತ್ತದೋ ಇಲ್ಲವೋ ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಎಲ್ಲರ ತಲೆಯಲ್ಲೂ ಇದ್ದದ್ದು ಅದೇ.

ಮೇಸ್ತ್ರಿ ಗಂಗಾವತಿಯಿಂದ ನಮ್ಮ ಅಂಗಳಕ್ಕೇ ಬಂದ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಳಗಿನ ಹಾಸು ಎತ್ತಿದರೆ ಕೆಳಗೆ ನೀರು ನಿಂತಿತ್ತು. ವೈರುಗಳ ಡಬ್ಬಿ ಆ ನೀರಿನಲ್ಲೇ ಕೂತಿತ್ತು. ನೀರು ಬಂದದ್ದೆಲ್ಲಿಂದ ಎಂದು ನೋಡಲು ಅವನು ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ಕು ಬಿಚ್ಚಿದ. ಮಳೆನೀರು ಇಳಿದು ಹೋಗಬೇಕಾದ ತೂತಿಗೆ ಕೈ ಹಾಕಿ, ಕಪ್ಪಗೆ ಕೊಳೆತ ಮುದ್ದೆಯೊಂದನ್ನು ಎಳೆದು ಕಟ್ಟೆಯ ಮೇಲಿಟ್ಟ. ಅದರಲ್ಲಿ ಅಕ್ಕಿ ಇತ್ತು, ದಾರ ಇತ್ತು. ನಡುವೆ ನಾಲ್ಕೈದು ಹಸಿರು ಸಸಿ ಮೊಳೆತು ನಿಂತಿದ್ದವು.

ಅಂಗಳದ ಬೇವಿನೆಲೆ ಬಿದ್ದು ಕೊಳೆತಿದೆ ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅತ್ತೆ ಅಷ್ಟರಲ್ಲಿ ಒಂದು ಸಸಿ ಕಿತ್ತು ಮೂಸಿದ್ದರು.

"ಚೆಂಡುಹೂವು. ನಂದಽ ಇದು" ಅಂದರು. ಸಸಿಯನ್ನು ಮುದ್ದೆಯ ಪಕ್ಕಕ್ಕಿಟ್ಟು, "ನೀ ಸುಳ್ಳು ಹೇಳಬ್ಯಾಡವಾ. ಅಕ್ಕನ ದಾರಿಗೆ ನಾನಽ ಅಡ್ಡ ಮಲಗೀನಿ" ಎಂದು ಎದ್ದು ಒಳಗೆ ಹೋದರು. ಮೇಸ್ತ್ರಿಗೆ ಏನೂ ತಿಳಿಯಲಿಲ್ಲ. ನನಗೆ ಅಳು ಬಂತು.

ವೈರುಗಳ ಡಬ್ಬಿಯನ್ನು ಒಣಗಿಸಿ ಕೂಡಿಸಿದ ಮೇಲೆ ಕಾರು ಚಾಲೂ ಆಯಿತು. ಮುಂದಿನ ಭಾನುವಾರವೇ ಅಮಾವಾಸ್ಯೆ. ಅತ್ತೆ ಮಾದಲಿಯ ಡಬ್ಬಿ ಹಿಡಿದು ನೇರ ಬಂದು ಹಿಂದಿನ ಸೀಟಿನಲ್ಲಿ ಕೂತರು. ವಿಭೂತಿ ಇಲ್ಲ, ನಿಂಬೆಹಣ್ಣಿಲ್ಲ. ಬೋಳು ಬಾನೆಟ್ಟನ್ನೇ ನೋಡುತ್ತ ಕೂತೆ. ಕೀಲಿ ತಿರುಗಿಸಲು ಕೈ ಬರಲೇ ಇಲ್ಲ.

"ಪೂಜಿ ಮಾಡ್ರಿ ಅತ್ತಿ" ಅಂದೆ.

"ನಿನ್ನ ಗಾಡಿಗೆ ನನ್ನ ಹೂವು ಆಗಿಬರೂದಿಲ್ಲ."

"ನನಗ ಹೆದರಿಕಿ ಆಗತೈತ್ರಿ."

ಅವರು ಬೆನ್ನು ಹಿಡಿದುಕೊಂಡು ಇಳಿದರು. ಹಿತ್ತಲಿಗೆ ಹೋಗಿ ಒಂದೇ ಒಂದು ಹೂವು ತಂದು, ಕಾರಿನ ಸುತ್ತ ಬಂದು, ನನ್ನ ಕಿಟಕಿಯ ಬಳಿ ನಿಂತರು. ಚೆಂಡುಹೂವನ್ನು ನಮ್ಮಲ್ಲಿ ಯಾರೂ ಮುಡಿಯುವುದಿಲ್ಲ. ಅವರು ಅದನ್ನು ನನ್ನ ತುರುಬಿಗೆ ಸಿಕ್ಕಿಸಿದರು.

"ಗಾಡಿಗೆ ಯಾವಾಗ ಏರಿಸಿದ್ನೆ ನಾನು? ನಿನಗಽ ಏರಿಸಿದ್ದು. ತಾನಾ ಉದುರೂತನಕ ಕೀಳಬ್ಯಾಡ."

ಕುಷ್ಟಗಿ ಮುಟ್ಟಿದೆವು. ದೊಡ್ಡತ್ತೆ ಸೂರಿನಿಂದ ಕಣ್ಣು ತೆಗೆದು ಕೈ ಚಾಚಿದರು. ಅಕ್ಕ ತಂಗಿ ಇಬ್ಬರೂ ಸಂಜೆಯ ತನಕ ಹಿಡಿದ ಕೈ ಬಿಡಲಿಲ್ಲ. ದಾರಿಯಲ್ಲಿ ಯಾವ ದೀಪ ಹೊತ್ತಿತ್ತೋ ನಾನು ನೋಡಲೇ ಇಲ್ಲ. ಹೋಗುವಾಗಲೂ ಬರುವಾಗಲೂ, ಹೂವು ಎಲ್ಲಿ ಬಿದ್ದೀತೋ ಎಂದು ಕತ್ತು ಅಲ್ಲಾಡಿಸದೆ ಕಾರು ಓಡಿಸಿದೆ.