ಎತ್ತು ಹೂಡದ ಸೋಮವಾರ

ನನ್ನ ಅಕ್ಷರ ಸೊಟ್ಟ. ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಆಮೇಲೆ ಪೆನ್ನು ಹಿಡಿದದ್ದು ಕಡಿಮೆ. ಸಾಲು ಮೇಲೆ ಕೆಳಗೆ ಹೋಗಿದ್ದರೆ, ಮಾತು ಜೋಡಿಸಲು ಬಂದಿರದಿದ್ದರೆ ಓದುವವರು ಕ್ಷಮಿಸಬೇಕು. ಮೊದಲು ಕಚ್ಚಾ ಬರೆದು, ಅವ್ವನಿಗೆ ಓದಿ ಹೇಳಿ, ತಪ್ಪು ಅನಿಸಿದ್ದನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಊರಿನವರಲ್ಲಿ ಯಾರಾದರೂ ಒಬ್ಬರ ಬಗ್ಗೆ ಬರೆದು ಕಳಿಸಿರಿ ಎಂದು ನಿಮ್ಮ ಮಾಸಿಕದಲ್ಲಿ ಕೇಳಿದ್ದೀರಿ. ನಾನು ನಮ್ಮ ಚಿಗವ್ವ ಸುವರ್ಣಾಳ ಬಗ್ಗೆ ಬರೆಯುತ್ತೇನೆ. ಅವಳು ನಮ್ಮ ಅವ್ವನ ತಂಗಿ. ಬರೆಯಲೇ ಎಂದು ಅವಳನ್ನು ಕೇಳಿದೆ. “ಬರಿ. ಆದ್ರ ನನ್ನ ಹೊಗಳಬ್ಯಾಡ,” ಎಂದಳು.

ಚಿಗವ್ವ ಮದುವೆಯಾಗಲಿಲ್ಲ. ನನ್ನ ಅಪ್ಪ ತೀರಿದ ಮೇಲೆ ಅವಳು ನಮ್ಮ ಜೊತೆಗೇ ಗೊಳಸಂಗಿಗೆ ಬಂದು ಉಳಿದಳು. ಊರಿನಿಂದ ಸ್ವಲ್ಪ ದೂರದಲ್ಲಿ ಪುಣೆಯ ಕಡೆಯವರದೊಂದು ಸಕ್ಕರೆ ಕಾರ್ಖಾನೆ ಇದೆ. ಚಿಗವ್ವ ಬಿಜಾಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು. ಕಾರ್ಖಾನೆ ಶುರುವಾದಾಗಲೇ ಅಲ್ಲಿಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದಳು, ಬೇಗನೆ ಅದರ ಮುಖ್ಯಸ್ಥೆಯಾದಳು.

ಅವಳ ಕೆಲಸ ಏನೆಂದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ನೀರಿನ ಸರತಿಯಲ್ಲಿ ನಿಂತಾಗ ಪಕ್ಕದ ಮನೆಯ ಚಂದವ್ವ ಕೇಳಿಯೇಬಿಟ್ಟಳು.

“ಅಲ್ಲಬೇ ಸುವರ್ಣಾ, ಅಲ್ಲಿ ನೀ ಏನ್ ಮಾಡ್ತಿ?”

“ಯಾವ ಪಾಳಿಗಿ ಎಷ್ಟ್ ಮಂದಿ ಬೇಕು, ಯಾರು ಯಾವತ್ತ ಕುರ್ಚಿ ಮ್ಯಾಲ ಕುಂದ್ರಬೇಕು ಅಂತ ಹೇಳ್ತೇನಿ, ಯಕ್ಕಾ.”

“ಅಷ್ಟಕ್ಕ ಪಗಾರ ಕೊಡ್ತಾರೇನ? ನನ್ನ ಕರೀರಿ ಅಂತ ಹೇಳ. ನಮ್ಮ ಮನ್ಯಾಗ ಎಲ್ಲಾರ್ನೂ ಕುಂದ್ರಸಾಕಿ ನಾನ.”

ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳು. ಆದರೆ ಅದು ಸಣ್ಣ ಕೆಲಸವಾಗಿರಲಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ನಿಲ್ಲುವುದಿಲ್ಲ. ಬಾಗಿಲಲ್ಲೇ ತೂಕದ ಕಾಟಾ ಇದೆ. ಕಬ್ಬು ತಂದ ಗಾಡಿ ಅದರ ಮೇಲೆ ಹತ್ತಿದಾಗ ತುಂಬಿದ ತೂಕ, ಕಬ್ಬು ಇಳಿಸಿ ತಿರುಗಿ ಬಂದಾಗ ಖಾಲಿ ತೂಕ, ಎರಡನ್ನೂ ಕಾಟಾದ ಕೋಣೆಯಲ್ಲಿ ಕುಳಿತವರು ಕಂಪ್ಯೂಟರಿಗೆ ತುಂಬಿ ಚೀಟಿ ಕೊಡಬೇಕು. ಒಳಗೆ ಕುಳಿತವರು ರೈತರ ಬಿಲ್ಲು ತಯಾರಿಸಬೇಕು. ಜನ ಹೆಚ್ಚಾದರೆ ಪುಣೆಯ ಹೆಡ್ ಆಫೀಸಿನವರು ಯಾಕೆ ಎನ್ನುತ್ತಾರೆ. ಕಡಿಮೆಯಾದರೆ ಗಾಡಿಗಳು ನಿಲ್ಲುತ್ತವೆ.

ಮೊದಲ ಹಂಗಾಮಿಗೆ ಮುಂಚೆ, ಅಂದರೆ ತೊಂಬತ್ತೆಂಟನೇ ಇಸವಿಯಲ್ಲಿ, ಎಷ್ಟು ಜನ ಬೇಕೆಂದು ಹೆಡ್ ಆಫೀಸಿನವರು ಕೇಳಿದರು. ಚಿಗವ್ವ ನೆಲದ ಮೇಲೆ ಕುಳಿತು ಲೆಕ್ಕ ಹಾಕಿದ್ದು ನನಗೆ ನೆನಪಿದೆ. ನಾನಾಗ ಚಿಕ್ಕವಳು. ನಾನು ಆಡುವ ಹುಣಸೆ ಬೀಜಗಳನ್ನೇ ಇಸಿದುಕೊಂಡಳು. ವಾರದ ಏಳು ದಿನಕ್ಕೆ ಸೀಮೆಸುಣ್ಣದಿಂದ ಏಳು ಮನೆ ಬರೆದಳು. ಒಂದು ಬೀಜ ಅಂದರೆ ಒಬ್ಬ ಮನುಷ್ಯ. ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ ಕೊಡಬೇಕು, ಆ ದಿನ ಅವರ ಜಾಗಕ್ಕೆ ಇನ್ನೊಬ್ಬರು ಬೇಕು. ಹೇಗೆ ಇಟ್ಟರೂ ಐದು ಬೀಜ ಬೇಕಾಗುತ್ತಿತ್ತು.

ಆಮೇಲೆ ಅವಳು ಸೋಮವಾರದ ಮನೆಯನ್ನೇ ನೋಡುತ್ತ ಕುಳಿತಳು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಮೈ ತೊಳೆದು, ಮೇವು ಹಾಕಿ, ಸುಮ್ಮನೆ ಬಿಡುತ್ತಾರೆ. ಆಗ ಕಬ್ಬು ಹೆಚ್ಚಾಗಿ ಬರುತ್ತಿದ್ದದ್ದು ಎತ್ತಿನ ಚಕ್ಕಡಿಯಲ್ಲಿ. ರವಿವಾರ ಸಂಜೆಯೊಳಗೆ ಅಂಗಳದ ತುಂಬ ಕಬ್ಬು ಬೀಳುತ್ತಿತ್ತು, ಸೋಮವಾರ ಕಾರ್ಖಾನೆ ಅದನ್ನೇ ನುರಿಸುತ್ತಿತ್ತು. ಕಾಟಾಕ್ಕೆ ಬರುತ್ತಿದ್ದದ್ದು ಎಲ್ಲೋ ಒಂದೆರಡು ಟ್ರ್ಯಾಕ್ಟರು. ಹಾಗಾದರೆ ಎಲ್ಲರ ರಜೆಯನ್ನೂ ಸೋಮವಾರವೇ ಇಟ್ಟು, ಒಬ್ಬರನ್ನು ಮಾತ್ರ ಕೂಡಿಸಿದರೆ ಸಾಕು. ರಜೆಯವರ ಜಾಗಕ್ಕೆ ಬೇರೆಯವರೇ ಬೇಡ. ಚಿಗವ್ವ ಒಂದು ಬೀಜ ತೆಗೆದು ನನ್ನ ಕೈಯಲ್ಲಿಟ್ಟಳು.

“ನಾಕ ಮಂದಿ ಸಾಕು,” ಎಂದಳು.

ಪುಣೆಯವರಿಗೆ ಇದು ಬಹಳ ಹಿಡಿಸಿತು. ಬೇರೆ ಯಾವ ಕಾರ್ಖಾನೆಯಲ್ಲೂ ಇಷ್ಟು ಕಡಿಮೆ ಜನರಲ್ಲಿ ನಡೆಯುವುದಿಲ್ಲ ಎಂದು ಹೊಗಳಿದರು. ಆ ಸಂಖ್ಯೆಯನ್ನೇ ಗಟ್ಟಿ ಮಾಡಿದರು.

ನಾಲ್ಕನೆಯವಳಾಗಿ ಬಂದವಳು ಸಗೀರಾ. ಬಾಗೇವಾಡಿಯವಳು, ದರ್ಜಿಯಾಗಿದ್ದ ತಂದೆ ಕಣ್ಣು ಮಂಜಾಗಿ ಹೊಲಿಗೆ ಯಂತ್ರ ಮುಚ್ಚಿಟ್ಟಿದ್ದರು, ಮನೆ ನಡೆಯುತ್ತಿದ್ದದ್ದು ಇವಳಿಂದ. ಸೇರಿದ ವಾರವೇ ಅವಳು ಚಿಗವ್ವನಿಗೆ ಹೇಳಿದಳಂತೆ, “ನಿಮಗೆಲ್ಲಾರಿಗೂ ಸೋಮವಾರ ಬೇಕ್ರಿ ಮ್ಯಾಡಂ, ನಂಗ ಶುಕ್ರವಾರ ಬೇಕು. ಸೋಮವಾರ ನಾನ ಕುಂದ್ರತೇನಿ.” ಚಿಗವ್ವನಿಗೆ ಸಮಾಧಾನವಾಯಿತು, ಶುಕ್ರವಾರ ಅವಳ ಜಾಗದಲ್ಲಿ ತಾನೇ ಕೂಡುತ್ತೇನೆಂದಳು. ಸೋಮವಾರದ ಆ ಕುರ್ಚಿ ಸಗೀರಾಳದೇ ಆಯಿತು.

ಚಿಗವ್ವನಿಗೂ ಸೋಮವಾರವೇ ರಜೆ. ಅವಳು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಬಾಗೇವಾಡಿಗೆ ಹೋಗಿ, ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬರುತ್ತಿದ್ದಳು. ಎಂಟೊಂಬತ್ತು ವರ್ಷ ಹೀಗೇ ಹೋದವು. ಹೋಗುವಾಗ ಬರುವಾಗ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹೆಚ್ಚುತ್ತಿದ್ದವು. ನಾವು ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತಲೇ ಇದ್ದೆವು. ಅವೆಲ್ಲ ಕಾರ್ಖಾನೆಗೇ ಹೋಗುತ್ತವೆ ಎಂದು ಗೊತ್ತಿತ್ತು. ಆದರೆ ಆ ದಿನ ಸೋಮವಾರ ಎಂಬುದನ್ನು ಅದಕ್ಕೆ ಯಾರೂ ಕೂಡಿಸಲಿಲ್ಲ.

ಒಮ್ಮೆ ಸಗೀರಾ ನಮ್ಮ ಮನೆಗೆ ಬಂದಾಗ ಚಹಾ ಕುಡಿಯುತ್ತ ಹೇಳಿದ್ದಳು, “ಈಗೀಗ ಸೋಮವಾರ ಭಾಳ ಗದ್ಲ ಐತ್ರಿ ಮ್ಯಾಡಂ.”

“ಸೋಮವಾರ ಎಂಥಾ ಗದ್ಲಬೇ? ಎತ್ತ ಮನ್ಯಾಗ ಮಲಗಿರ್ತಾವು,” ಎಂದು ಚಿಗವ್ವ ನಕ್ಕಳು.

ಸಗೀರಾಳೂ ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ. ಹೆಚ್ಚು ಹೇಳಿದರೆ ಶುಕ್ರವಾರದ ರಜೆ ಹೋದೀತೆಂಬ ಅಂಜಿಕೆ ಇತ್ತಂತೆ. ಅದು ನಮಗೆ ಆಮೇಲೆ ತಿಳಿಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಕಾಟಾದಲ್ಲಿ ದೊಡ್ಡ ಜಗಳವಾಯಿತು. ಟ್ರ್ಯಾಕ್ಟರುಗಳ ಸಾಲು ಡಾಂಬರು ರಸ್ತೆಯವರೆಗೆ ನಿಂತಿತ್ತು. ಸಗೀರಾ ಒಬ್ಬಳೇ. ನೀರು ಕುಡಿಯಲೂ ಎದ್ದಿರಲಿಲ್ಲ. ಒಂದೇ ಬಣ್ಣದ ಎರಡು ಟ್ರ್ಯಾಕ್ಟರುಗಳಲ್ಲಿ ಒಂದರ ತುಂಬಿದ ತೂಕಕ್ಕೆ ಇನ್ನೊಂದರ ಖಾಲಿ ತೂಕವನ್ನು ಜೋಡಿಸಿ ಚೀಟಿ ಕೊಟ್ಟಳು. ರೇವಣಪ್ಪ ಎಂಬ ರೈತನ ಕಬ್ಬು ಕಡಿಮೆ ಬಂತು. ಅವನು ಕಿಟಕಿ ಬಡಿದು, “ಕಾಟಾ ಹೊಡಿತಾಳ! ಕಳ್ಳಿ!” ಎಂದು ಕೂಗಿದ. ಇದ್ದವರೆಲ್ಲ ಸೇರಿದರು. ಕಾರ್ಖಾನೆಯ ಕಚೇರಿ ವ್ಯವಸ್ಥಾಪಕರು ಬಸಂತರಾಯ ಸಾಹೇಬರು ಓಡಿ ಬಂದು ಲೆಕ್ಕ ಸರಿಪಡಿಸಿ ಕೊಟ್ಟರು. ಆದರೂ ಆ ಒಂದು ಮಾತು ಊರೂರಿಗೆ ಹೋಯಿತು.

ಪುಣೆಯಿಂದ ಫೋನು ಬಂತು. ಆ ಹುಡುಗಿಯದೇ ತಪ್ಪು ಎಂದು ವಿಭಾಗದ ಮುಖ್ಯಸ್ಥೆ ಬರೆದು ಕೊಡಲಿ, ಅವಳನ್ನು ತೆಗೆಯೋಣ ಎಂದರು. ಅಲ್ಲಿಯವರೆಗೆ ಸಗೀರಾ ಮನೆಯಲ್ಲಿರಬೇಕು.

ಚಿಗವ್ವ ಮೊದಲು ಸಗೀರಾಳ ಮೇಲೆಯೇ ಸಿಟ್ಟಾದಳು. “ಇಷ್ಟ ವರ್ಷ ಕೆಲಸಾ ಮಾಡಿ ಗಾಡಿ ನಂಬರ ನೋಡಬಾರದೇನ?” ಎಂದು ಮನೆಯಲ್ಲಿ ಒಬ್ಬಳೇ ಗೊಣಗುತ್ತಿದ್ದಳು.

ಎರಡು ದಿನ ಬಿಟ್ಟು ಸಗೀರಾಳ ತಾಯಿ ಶಮಶಾದಬಿ ನಮ್ಮ ಮನೆಗೆ ಬಂದರು. ಒಳಗೆ ಬನ್ನಿರೆಂದರೂ ಬಾಗಿಲಲ್ಲೇ ಕುಳಿತರು. ಅವ್ವ ಚಹಾ ಕೊಟ್ಟಳು. ಅದು ಕೈಯಲ್ಲೇ ಆರಿತು.

“ನೌಕರಿ ಹೋದ್ರ ಹೋಗಲ್ರಿ ಬಾಯಿ. ಎಲ್ಲೆರ ದುಡದ ತಿಂತೇವಿ. ಆದ್ರ ಕಳ್ಳಿ ಅಂತ ಹೆಸರು ಬ್ಯಾಡ್ರಿ. ಆ ಹೆಸರು ಹೊತ್ತ ಹುಡುಗಿನ್ನ ಯಾರ ಮನಿಗಿ ಕಳಸ್ಲಿ?”

“ಅಕಿ ನನಗ ಮೊದಲ ಹೇಳಬೇಕಿತ್ತರಿ, ಕೆಲಸಾ ಹೆಚ್ಚಾಗೇತಿ ಅಂತ,” ಎಂದಳು ಚಿಗವ್ವ.

“ಹೇಳೇನಿ ಅಂತಾಳಲ್ರಿ. ಇಲ್ಲೇ ಕುಂತ ಹೇಳಿದ್ಳಂತ. ನೀವು ನಕ್ಕಿದ್ರಂತ.”

ಶಮಶಾದಬಿ ಹೋದ ಮೇಲೆ ಆ ತಣ್ಣಗಿನ ಚಹಾದ ಕಪ್ಪನ್ನು ಚಿಗವ್ವ ತಾನೇ ಎತ್ತಿ ತೊಳೆದಿಟ್ಟಳು.

ಮುಂದಿನ ಸೋಮವಾರ ಅವಳು ಬಾಗೇವಾಡಿಗೆ ಹೋಗಲಿಲ್ಲ. ಸಗೀರಾಳ ಕುರ್ಚಿಯಲ್ಲಿ ತಾನೇ ಕೂಡಲು ಹೋದಳು. ಮಧ್ಯಾಹ್ನ ಅವ್ವ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನನಗೆ ಗಂಡಸರ ನಡುವೆ ಹೋಗಲು ಬಹಳ ಸಂಕೋಚ. ಸೆರಗಿಲ್ಲದ್ದಕ್ಕೆ ಓಢಣಿಯನ್ನೇ ತಲೆಯ ಮೇಲೆ ಎಳೆದುಕೊಂಡು, ಟ್ರ್ಯಾಕ್ಟರುಗಳ ಸಾಲಿನ ಪಕ್ಕದಲ್ಲೇ ನಡೆದೆ. ಸಾಲು ಮುಗಿಯಲೇ ಇಲ್ಲ. ಒಂದು ಚಕ್ಕಡಿಯೂ ಅದರಲ್ಲಿ ಇರಲಿಲ್ಲ.

ಕಾಟಾದ ಕೋಣೆಯ ಮೂಲೆಯಲ್ಲಿ ಬುತ್ತಿ ಹಿಡಿದು ನಿಂತೆ. ಚಿಗವ್ವ ನನ್ನ ಕಡೆ ತಿರುಗಲಿಲ್ಲ, ತಿರುಗಲು ಪುರಸೊತ್ತಿರಲಿಲ್ಲ. ಕಿಟಕಿಯ ಆಚೆ ರೇವಣಪ್ಪನ ಮುಖ ಕಾಣಿಸಿತು.

“ಏನ್ರಿ ಬಾಯಾರ, ಇವತ್ತ ನೀವ ಕುಂತೀರಿ? ಆ ಹುಡುಗಿ ಓಡಿ ಹೋದಳೇನ?”

“ಓಡಿ ಹೋಗಿಲ್ಲಪಾ, ನಾವ ಬರಬ್ಯಾಡ ಅಂದೇವಿ. ನಿನ್ನ ಎತ್ತ ಎಲ್ಲಿ ರೇವಣಪ್ಪಾ? ಮೊದಲೆಲ್ಲಾ ನೀ ಸೋಮವಾರ ಬರ್ತಿದ್ದಿಲ್ಲಲ್ಲ.”

“ಯಾ ಎತ್ತರಿ? ಮಾರಿ ಮೂರು ಸುಗ್ಗಿ ಆದ್ವು. ಎತ್ತಿಗಿ ಸೋಮವಾರ ಇತ್ತು, ಈ ಕಬ್ಬಿಣದ ಡಬ್ಬಿಗಿ ಯಾ ಸೋಮವಾರ? ಡೀಸಲ್ ಹಾಕಿದ್ರ ನಡೀತೈತಿ.”

“ಮುಂದ ಹೋಗೋ ಮಾರಾಯಾ!” ಹಿಂದಿನವನು ಕೂಗಿದ. “ಬೀಗಸ್ತನದ ಮಾತು ಆಮ್ಯಾಲ ಆಡೀಯಂತ!”

ಚಿಗವ್ವ ಅವಸರದಲ್ಲಿ ನಂಬರು ಒತ್ತಿದಳು. ಪ್ರಿಂಟರು ಕರಕರ ಎಂದಿತು. ಚೀಟಿ ಹರಿದು ಕೊಡಲು ಕೈ ಚಾಚಿದವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಚೀಟಿಯನ್ನು ನೋಡಿದಳು, ಹೊರಗಿನ ಗಾಡಿಯನ್ನು ನೋಡಿದಳು. ಅದು ರೇವಣಪ್ಪನ ಹಿಂದೆ ನಿಂತವನ ಹೆಸರಿನಲ್ಲಿ ಬಂದಿತ್ತು.

ಅವಳು ಅದನ್ನು ಹರಿದು ಹಾಕಿ ಬೇರೆ ಚೀಟಿ ತೆಗೆದಳು. “ಈಗ ನಂದೂ ತಪ್ಪಿತ್ತು, ರೇವಣಪ್ಪಾ,” ಎಂದಳು. “ನನಗೂ ಕಳ್ಳಿ ಅಂತೀಯೇನ?”

ರೇವಣಪ್ಪ ಚೀಟಿ ತೆಗೆದುಕೊಂಡ. “ನೀವು ಹಂಗ್ಯಾಕ ಮಾಡ್ತೀರಿ ಬಾಯಾರ,” ಎಂದು ಮೆಲ್ಲಗೆ ಅಂದ. ಹೋಗಿ ಟ್ರ್ಯಾಕ್ಟರು ಹತ್ತಿದ.

ಅಷ್ಟರಲ್ಲಿ ಬಸಂತರಾಯ ಸಾಹೇಬರು ಬಂದರು. “ಪುಣೆದವರು ಮತ್ತ ಫೋನ್ ಮಾಡಿದ್ರು. ಸಗೀರಾನ ವಿಷಯ ಬರದೀರೇನ್ರಿ ಸುವರ್ಣಾಬಾಯಿ?”

ಚಿಗವ್ವ ಕೀಲಿಗಳ ಮೇಲಿಂದ ಕೈ ತೆಗೆಯಲಿಲ್ಲ. “ಅಕಿದ ತಪ್ಪಲ್ರಿ ಸಾಹೇಬ್ರ. ಸೋಮವಾರ ಒಬ್ಬರ ಸಾಕು ಅಂತ ಹೇಳಿದಾಕಿ ನಾನು. ಎತ್ತಿನ ಲೆಕ್ಕ ಹಿಡದ ಹೇಳಿದ್ದೆ. ಎತ್ತ ಹೋದ್ವು, ನನ್ನ ಲೆಕ್ಕ ಹಂಗ ಉಳೀತು. ಇಲ್ಲಿ ಇಬ್ಬರು ಬೇಕು. ಅದನ್ನ ಬರದ ಕೊಡತೇನಿ.”

“ವಿಚಾರ ಮಾಡ್ರಿ. ಅವರು ನಿಮ್ಮನ್ನ ಮುಖ್ಯಸ್ಥರ ಕುರ್ಚಿ ಮ್ಯಾಲ ಕುಂದ್ರಿಸಿದ್ದ ಆ ನಾಕರ ಲೆಕ್ಕಕ್ಕ. ಅದ ತಪ್ಪು ಅಂದ್ರ ಕುರ್ಚಿನೂ ಕೇಳ್ತಾರ.”

“ಕೇಳ್ಲಿರಿ.”

“ಹುಡುಗೀದ ತಪ್ಪು ಅಂದ್ರ ಒಂದ ಸಾಲಿನಾಗ ಮುಗೀತೈತಿ.”

“ಮುಗೀತೈತ್ರಿ. ಮುಂದಿನ ಸೋಮವಾರ ಮತ್ತ ಯಾರೋ ಒಬ್ಬಾಕಿ ಇಲ್ಲಿ ಒಬ್ಬಾಕಿನ ಕುಂತಿರ್ತಾಳ.”

ಸಾಹೇಬರು ಕಿಟಕಿಯಿಂದ ಸಾಲನ್ನು ನೋಡಿದರು. ಹಿಂದೆ ಕೈ ಕಟ್ಟಿಕೊಂಡು ಹೋದರು. ಬುತ್ತಿಯನ್ನು ನಾನು ಹಾಗೇ ಮನೆಗೆ ತಂದೆ. ರೊಟ್ಟಿ ಒಣಗಿ ಸೆಟೆದುಕೊಂಡಿತ್ತು.

ಚಿಗವ್ವ ಹೇಳಿದಂತೆಯೇ ಬರೆದು ಕೊಟ್ಟಳು. ಪುಣೆಯವರ ತೀರ್ಮಾನ ತಿಂಗಳೊಳಗೆ ಬಂತು. ಸಗೀರಾಳ ಮೇಲೆ ಯಾವ ದೂರೂ ಇಲ್ಲ, ಅವಳು ಕೆಲಸಕ್ಕೆ ಬರಬಹುದು. ಸೋಮವಾರ ಇಬ್ಬರು ಕೂಡಬಹುದು. ಆದರೆ ಹೊಸಬರನ್ನು ಕೊಡುವುದಿಲ್ಲ. ವಿಭಾಗದ ಉಸ್ತುವಾರಿಯನ್ನು ಪುಣೆಯಿಂದಲೇ ನೋಡಿಕೊಳ್ಳುತ್ತಾರೆ. ಸುವರ್ಣಾ ಮುಖ್ಯಸ್ಥೆಯ ಜಾಗ ಬಿಟ್ಟು ಪಾಳಿಯ ಕೆಲಸಕ್ಕೆ ಇಳಿಯಬೇಕು. ಬೇಕಾಗಿದ್ದ ಆ ಐದನೆಯ ಬೀಜ ಹೀಗೆ ಅವಳೇ ಆದಳು.

ಅವ್ವ ಅತ್ತಳು. “ಇಷ್ಟ ವರ್ಷ ದುಡದ ಏರಿದ್ದು ಇಳಿಯಾಕೇನ?” ಎಂದಳು. ಚಂದವ್ವ ನೀರಿನ ಸರತಿಯಲ್ಲಿ ತನ್ನ ಕೊಡ ಹಿಂದಕ್ಕೆ ಸರಿಸಿ ಚಿಗವ್ವನ ಕೊಡ ಮುಂದೆ ಇಟ್ಟಳು. ಅದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು.

ಸಗೀರಾಳನ್ನು ಕರೆಯಲು ಚಿಗವ್ವ ತಾನೇ ಬಾಗೇವಾಡಿಗೆ ಹೋದಳು. ನಾನೂ ಹೋಗಿದ್ದೆ. ಸಗೀರಾ ತಲೆ ಎತ್ತಲಿಲ್ಲ.

“ನಾ ಒಲ್ಲೆರಿ ಮ್ಯಾಡಂ. ಆ ಕಿಟಕಿ ಮುಂದ ಮತ್ತ ಹೆಂಗ ಕುಂದ್ರಲಿ?”

“ನಾನೂ ಬಾಜೂಕ ಕುಂದ್ರತೇನಿ. ಯಾರೇನರ ಅಂದ್ರ ಇಬ್ಬರಿಗೂ ಅಂದಂಗ. ಇನ್ನ ಮ್ಯಾಡಂ ಅನಬ್ಯಾಡ, ನಾ ಮ್ಯಾಡಂ ಉಳದಿಲ್ಲ.”

“ಮತ್ತೇನ ಅನ್ಲಿರಿ?”

“ಅಕ್ಕಾ ಅನ್ನು.”

ಸಗೀರಾ ಅಂದು ಹಾಗೆ ಕರೆಯಲಿಲ್ಲ, ಬರುತ್ತೇನೆಂದು ಮಾತ್ರ ತಲೆಯಾಡಿಸಿದಳು. ಅವಳ ಶುಕ್ರವಾರದ ರಜೆ ಹಾಗೇ ಇದೆ. ಚಿಗವ್ವನ ರಜೆ ಈಗ ಬುಧವಾರ. ಸೋಮವಾರ ಗುಡಿಗೆ ಹೋಗಲು ಆಗುವುದಿಲ್ಲ. ಬೆಳಿಗ್ಗೆ ಮನೆಯ ದೇವರ ಮುಂದೆ ದೀಪ ಹಚ್ಚಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದಾಗ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂಡುತ್ತಾಳೆ. ನಾನು ಹೋಗುವಾಗಲೆಲ್ಲ ನೋಡಿದ್ದೇನೆ, ಒಬ್ಬಳು ಗಾಡಿಯ ನಂಬರು ಓದಿ ಹೇಳುತ್ತಾಳೆ, ಇನ್ನೊಬ್ಬಳು ಒತ್ತುತ್ತಾಳೆ.

ಹೊಗಳಬೇಡ ಎಂದಿದ್ದಳು, ಅದಕ್ಕೆ ನಡೆದದ್ದನ್ನಷ್ಟೇ ಬರೆದಿದ್ದೇನೆ. ಬರುವ ಸೋಮವಾರ ನಾನು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಇಬ್ಬರಿಗೂ ಬುತ್ತಿ ಕಟ್ಟಿ ಕಾಟಾಕ್ಕೆ ಒಯ್ಯುತ್ತೇನೆ. ಅವರು ಒಬ್ಬೊಬ್ಬರಾಗಿ ಎದ್ದು ಊಟ ಮಾಡುವಾಗ ಗಾಡಿಯ ನಂಬರು ನಾನು ಓದಿ ಹೇಳುತ್ತೇನೆ.